ಬೀಗ ಹಾಕುವ ಮೊದಲೇ ಕೀಲಿ ಕೊಟ್ಟ ಯಂತ್ರ

ಊರಿನ ಮೂಲಮನೆಯಲ್ಲಿ ದೈವಗಳಿಗೆ ತಂಬಿಲ ಸೇವೆ ಇತ್ತು. ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಮನೆಯಿಂದ ಆರು ಜನ ಹೊರಡಬೇಕು. ಶುಕ್ರವಾರದ ಮತ್ಸ್ಯಗಂಧ ರೈಲಿಗೆ ಟಿಕೆಟ್ ಆಗಿತ್ತು, ಠಾಣೆಯಲ್ಲಿ ಹತ್ತುವುದು. ಮಗಳು ಎಲ್ಲವನ್ನೂ ಒಂದು ಚಾಟ್‌ಬಾಟ್‌ಗೆ ವಿವರಿಸಿ, ಹೊರಡುವ ತಯಾರಿಯ ಪಟ್ಟಿ ಮಾಡಿಸಿದಳು. ಓದಲು ತುಂಬ ಚೆನ್ನಾಗಿತ್ತು. ಫ್ರಿಜ್ ಖಾಲಿ ಮಾಡುವುದು, ಗ್ಯಾಸ್ ಬಂದ್ ಮಾಡುವುದು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯ ಕಾಕೂಗೆ ಕೀಲಿ ಕೊಡುವುದು, ಎಲ್ಲವೂ ಇತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. "ಗುರುವಾರ ರಾತ್ರಿ ಕೀಲಿ ಕಾಕೂಗೆ ಕೊಡೋದು ಅಂತಿದೆ. ಶುಕ್ರವಾರ ಮಧ್ಯಾಹ್ನ ಬೀಗ ಹಾಕೋದು ಅಂತಿದೆ. ಯಾವ ಕೀಲಿಯಲ್ಲಿ ಹಾಕ್ತೀರಿ?" ನಮ್ಮದು ಹಳೆಯ ಬಾಗಿಲು. ಕೀಲಿ ತಿರುಗಿಸದೆ ಬೀಗ ಬೀಳುವುದಿಲ್ಲ.

ತಪ್ಪು ಸಣ್ಣದು. ಆದರೆ ಕೃತಕ ಬುದ್ಧಿಮತ್ತೆಯ ಸಂಶೋಧಕರು ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಗುದ್ದಾಡಿದ್ದು ಇದೇ ಪ್ರಶ್ನೆಯ ಜೊತೆ. ಒಂದು ಕೆಲಸ ಮಾಡಿದ ಮೇಲೆ ಏನು ಬದಲಾಗುತ್ತದೆ? ಏನು ಹಾಗೆಯೇ ಉಳಿಯುತ್ತದೆ? ಮುಂದಿನ ಕೆಲಸಕ್ಕೆ ಬೇಕಾದದ್ದು ಕೈಯಲ್ಲಿ ಇದೆಯಾ? ಈ ವಿಭಾಗಕ್ಕೆ ಆಟೊಮೇಟೆಡ್ ಪ್ಲಾನಿಂಗ್ ಎಂದು ಹೆಸರು. ಅದರ ಒಡಹುಟ್ಟು ಲಾಜಿಕ್ ಪ್ರೋಗ್ರಾಮಿಂಗ್, ಅಂದರೆ ತರ್ಕದ ನಿಯಮಗಳಲ್ಲೇ ಪ್ರೋಗ್ರಾಂ ಬರೆಯುವುದು. ಎರಡೂ ಹುಟ್ಟಿದ್ದು ಒಂದೇ ಆಸೆಯಿಂದ.

ಆ ಆಸೆಯನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ. 1958ರಲ್ಲಿ ಅವರು ಒಂದು ಪ್ರೋಗ್ರಾಂನ ಕನಸನ್ನು ಮುಂದಿಟ್ಟರು. ಅದಕ್ಕೆ ನಾವು ಸಂಗತಿಗಳನ್ನು ವಾಕ್ಯಗಳಾಗಿ ಹೇಳಬೇಕು, ಅದು ತರ್ಕದಿಂದ ಮುಂದಿನ ಹೆಜ್ಜೆಯನ್ನು ತಾನೇ ಕಂಡುಕೊಳ್ಳಬೇಕು. ಅವರು ಕೊಟ್ಟ ಉದಾಹರಣೆಯೂ ಪ್ರಯಾಣದ್ದೇ. ನಾನು ಮನೆಯಲ್ಲಿ ಮೇಜಿನ ಮುಂದೆ ಇದ್ದೇನೆ, ಕಾರೂ ಮನೆಯಲ್ಲೇ ಇದೆ, ವಿಮಾನ ನಿಲ್ದಾಣಕ್ಕೆ ಹೋಗಬೇಕು, ಹೇಗೆ?

1965ರಲ್ಲಿ ಅಲನ್ ರಾಬಿನ್ಸನ್ ರೆಸಲ್ಯೂಷನ್ ಎಂಬ ಒಂದೇ ಒಂದು ತರ್ಕನಿಯಮವನ್ನು ಕೊಟ್ಟರು. ಯಂತ್ರ ಅದೊಂದನ್ನೇ ಮತ್ತೆ ಮತ್ತೆ ಬಳಸಿ ಸಾಧನೆ, ಅಂದರೆ ತರ್ಕದ ಪುರಾವೆ, ಹುಡುಕಬಹುದಿತ್ತು. 1969ರಲ್ಲಿ ಕಾರ್ಡೆಲ್ ಗ್ರೀನ್ ಅದನ್ನೇ ಹಿಡಿದು ಯೋಜನೆ ಹಾಕಿಸಿದರು. "ಗುರಿ ಮುಟ್ಟುವ ದಾರಿ ಇದೆ" ಎಂದು ಯಂತ್ರ ಸಾಧಿಸಿದರೆ, ಆ ಸಾಧನೆಯ ಒಳಗೇ ದಾರಿ ಸಿಗುತ್ತದೆ. ನೋಡಲು ಎಷ್ಟು ಚೆಂದ, ಅಲ್ವಾ?

ತೊಡಕು ಸಿಕ್ಕಿದ್ದೂ ಅದೇ 1969ರಲ್ಲಿ. ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ ಅದನ್ನು ಫ್ರೇಮ್ ಪ್ರಾಬ್ಲಮ್ ಎಂದು ಕರೆದರು. ಅವರ ಬರಹದಲ್ಲಿ ಒಬ್ಬ ಫೋನ್ ಡೈರೆಕ್ಟರಿ ತೆರೆದು ನಂಬರ್ ಹುಡುಕುತ್ತಾನೆ. ಹುಡುಕಿದ ಮೇಲೂ ಅವನ ಹತ್ತಿರ ಫೋನ್ ಇದೆಯಾ? ನಮಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಬರೀ ತರ್ಕಕ್ಕೆ, ಹೇಳದೇ ಇದ್ದದ್ದು ಗೊತ್ತಿಲ್ಲ. ದಾದರಿನಲ್ಲಿ ಲೋಕಲ್ ಹತ್ತಿದರೆ ನನ್ನ ಹೆಗಲ ಚೀಲ ಹೆಗಲಲ್ಲೇ ಇರುತ್ತದೆ, ಪಾಸ್ ಜೇಬಲ್ಲೇ ಇರುತ್ತದೆ, ಮನೆಯ ಬಾಗಿಲ ಬಣ್ಣ ಬದಲಾಗುವುದಿಲ್ಲ. ಇವೆಲ್ಲವನ್ನೂ ಪ್ರತಿ ಕೆಲಸಕ್ಕೂ ಬರೆದು ಕೊಡುತ್ತಾ ಹೋದರೆ ಬರೆಯುವುದರಲ್ಲೇ ಆಯುಷ್ಯ ಮುಗಿಯುತ್ತದೆ.

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಆಗ ಶೇಕಿ ಎಂಬ ರೋಬೋ ಇತ್ತು. 1966ರಿಂದ 1972ರವರೆಗೆ ನಡೆದ ಕೆಲಸ ಅದು. ಚಕ್ರದ ಮೇಲೆ ಅಲುಗಾಡುತ್ತಾ ಕೋಣೆಯಿಂದ ಕೋಣೆಗೆ ಹೋಗಿ ಪೆಟ್ಟಿಗೆ ತಳ್ಳುತ್ತಿತ್ತು. ಹತ್ತಿರದ ದಾರಿ ಹುಡುಕುವ ಎ ಸ್ಟಾರ್ ಎಂಬ ವಿಧಾನ 1968ರಲ್ಲಿ ಹುಟ್ಟಿದ್ದು ಇದೇ ರೋಬೋದ ಕೆಲಸದಲ್ಲಿ. ಅದಕ್ಕೆ ಯೋಜನೆ ಹಾಕಿಕೊಡಲು ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ 1971ರಲ್ಲಿ ಸ್ಟ್ರಿಪ್ಸ್ ಎಂಬ ಪ್ರೋಗ್ರಾಂ ಬರೆದರು. ಅವರು ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಕೆಲಸಕ್ಕೂ ಮೂರು ಪಟ್ಟಿ: ಮೊದಲು ಏನಿರಬೇಕು, ಆದ ಮೇಲೆ ಏನು ಹೊಸದಾಗಿ ನಿಜವಾಗುತ್ತದೆ, ಯಾವುದು ನಿಜವಲ್ಲದೆ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಇದ್ದ ಹಾಗೆಯೇ.

ನಮ್ಮ ಕೀಲಿಯನ್ನೇ ತಗೊಳ್ಳಿ. "ಕೀಲಿ ಕೊಡು" ಎಂಬ ಕೆಲಸಕ್ಕೆ ಕೀಲಿ ನನ್ನ ಕೈಯಲ್ಲಿ ಇರಬೇಕು. ಆದ ಮೇಲೆ ಅದು ಕಾಕೂ ಕೈಯಲ್ಲಿ ಇರುತ್ತದೆ. ನನ್ನ ಕೈಯಿಂದ ಹೋಗುತ್ತದೆ. ಚಾಟ್‌ಬಾಟ್ ತಪ್ಪಿದ್ದು ಈ ಮೂರನೆಯ ಪಟ್ಟಿಯಲ್ಲಿ. ಐವತ್ತು ವರ್ಷಕ್ಕೂ ಹಿಂದೆ ಬರೆದ ಪ್ರೋಗ್ರಾಂ ಈ ತಪ್ಪು ಮಾಡುತ್ತಿರಲಿಲ್ಲ. ಈ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಹಾಗೆಂದು ಸ್ಟ್ರಿಪ್ಸ್ ಕಾಲದ ಪ್ಲಾನರುಗಳು, ಅಂದರೆ ಯೋಜನೆ ಹಾಕುವ ಪ್ರೋಗ್ರಾಂಗಳು, ಎಡವಲಿಲ್ಲ ಎಂದಲ್ಲ. ಎಂಐಟಿಯ ಜೆರಾಲ್ಡ್ ಸಸ್‌ಮನ್ 1970ರ ದಶಕದ ಮೊದಲ ಭಾಗದಲ್ಲಿ ಒಂದು ಪುಟ್ಟ ಸಮಸ್ಯೆಯನ್ನು ಚರ್ಚೆಗೆ ತಂದರು. ಅವರದು ಮರದ ಬ್ಲಾಕುಗಳು. ನಾನು ಊಟದ ಡಬ್ಬಿಗಳಲ್ಲಿ ಹೇಳುತ್ತೇನೆ. ಅನ್ನದ ಡಬ್ಬಿಯ ಮೇಲೆ ಪಲ್ಯದ ಡಬ್ಬಿ ಇದೆ. ಸಾಂಬಾರಿನದು ಪಕ್ಕದಲ್ಲಿ ಒಂಟಿಯಾಗಿದೆ. ಒಂದು ಸಲಕ್ಕೆ ಒಂದೇ ಡಬ್ಬಿ ಎತ್ತಬಹುದು, ಅದರ ಮೇಲೆ ಏನೂ ಇರಬಾರದು. ಕೊನೆಗೆ ಸಾಂಬಾರಿನ ಮೇಲೆ ಅನ್ನ ಇರಬೇಕು, ಪಲ್ಯದ ಮೇಲೆ ಸಾಂಬಾರು ಇರಬೇಕು. ಎರಡು ಗುರಿ.

ಮೊದಲ ಗುರಿಯನ್ನೇ ಮೊದಲು ಹಿಡಿದರೆ, ಪಲ್ಯ ಕೆಳಗಿಟ್ಟು ಅನ್ನವನ್ನು ಸಾಂಬಾರಿನ ಮೇಲೆ ಇಡುತ್ತೀರಿ. ಈಗ ಸಾಂಬಾರನ್ನು ಎತ್ತಲು ಅನ್ನ ಮತ್ತೆ ಇಳಿಯಬೇಕು. ಎರಡನೆಯದನ್ನು ಮೊದಲು ಹಿಡಿದರೆ ಸಾಂಬಾರು ಪಲ್ಯದ ಮೇಲೆ ಹೋಗುತ್ತದೆ, ಅನ್ನ ಎಲ್ಲಕ್ಕಿಂತ ಅಡಿಯಲ್ಲಿ ಸಿಕ್ಕಿಬೀಳುತ್ತದೆ. ಯಾವ ಗುರಿಯನ್ನು ಮೊದಲು ಮುಗಿಸಿದರೂ ಮಾಡಿದ್ದನ್ನು ಕೆಡವಬೇಕು. ಸರಿ ದಾರಿ ಮೂರೇ ಹೆಜ್ಜೆ: ಪಲ್ಯ ಕೆಳಗೆ, ಸಾಂಬಾರು ಪಲ್ಯದ ಮೇಲೆ, ಅನ್ನ ಸಾಂಬಾರಿನ ಮೇಲೆ. ಮೊದಲ ಹೆಜ್ಜೆ ಒಂದು ಗುರಿಯ ಸಲುವಾಗಿ, ಎರಡನೆಯದು ಇನ್ನೊಂದರ ಸಲುವಾಗಿ, ಮೂರನೆಯದು ಮತ್ತೆ ಮೊದಲ ಗುರಿಗೆ. ಎರಡೂ ಗುರಿಗಳನ್ನು ಜಡೆಯಂತೆ ಹೆಣೆಯಬೇಕು. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ನಮ್ಮ ಹೆಂಗಸರು ಮಾಡುವುದು ಇದನ್ನೇ.

ಎಣಿಕೆಯೂ ಹೆದರಿಸುತ್ತದೆ. ಮೂರು ಡಬ್ಬಿಗಳನ್ನು ಒಂದರ ಮೇಲೊಂದು ಅಥವಾ ಬೇರೆ ಬೇರೆ ಇಡುವ ರೀತಿಗಳು 13. ಐದಾದರೆ 501. ಹತ್ತಾದರೆ 5 ಕೋಟಿ 89 ಲಕ್ಷ ದಾಟುತ್ತದೆ. ಇಂಥ ಯೋಜನೆಗಳ ಸಾಮಾನ್ಯ ಸಮಸ್ಯೆ ಗಣಿತದ ಪ್ರಕಾರ ಎಷ್ಟು ಕಷ್ಟದ್ದು ಎಂಬುದನ್ನು 1994ರಲ್ಲಿ ಟಾಮ್ ಬೈಲಾಂಡರ್ ತೋರಿಸಿದರು. ಎಲ್ಲ ಸಮಸ್ಯೆಗಳಿಗೂ ಬೇಗನೆ ಉತ್ತರ ಕೊಡುವ ಮಂತ್ರ ಸಿಗುವ ಆಸೆ ಇಲ್ಲವೆಂದೇ ತಜ್ಞರು ನಂಬುತ್ತಾರೆ.

ಇನ್ನೊಂದು ಕವಲು ಫ್ರಾನ್ಸಿನ ಮಾರ್ಸೆಲಿನಲ್ಲಿ ಹುಟ್ಟಿತು. ಅಲನ್ ಕೋಲ್ಮರಾವರ್ ಮತ್ತು ಫಿಲಿಪ್ ರೂಸೆಲ್ ಅಲ್ಲಿ ಫ್ರೆಂಚ್ ಭಾಷೆಯನ್ನು ಕಂಪ್ಯೂಟರಿಗೆ ಅರ್ಥ ಮಾಡಿಸಲು ಹೊರಟಿದ್ದರು. ಎಡಿನ್‌ಬರೋದ ರಾಬರ್ಟ್ ಕೊವಾಲ್ಸ್ಕಿ ತರ್ಕದ ಕಡೆಯಿಂದ ಜೊತೆಯಾದರು. 1972ರಲ್ಲಿ ಪ್ರೊಲಾಗ್ ಭಾಷೆ ಬಂತು. ಅದರಲ್ಲಿ ಹೇಗೆ ಮಾಡಬೇಕು ಎಂದು ಬರೆಯುವುದಿಲ್ಲ, ಏನು ನಿಜ ಎಂದು ಬರೆಯುತ್ತೇವೆ.

ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ನೆಂಟಸ್ತಿಕೆಯ ಮಾತುಗಳೇ ನಿಯಮಗಳು. "ನಿನ್ನ ತಾಯಿಯ ಅಣ್ಣನೋ ತಮ್ಮನೋ ಆದರೆ ಅವನು ನಿನಗೆ ಸೋದರಮಾವ." ಒಂದು ನಿಯಮ. ದೊಡ್ಡಮ್ಮನಿಗೆ ಎರಡು ಬೇಕು: ತಾಯಿಯ ಅಕ್ಕ ಆದರೂ ದೊಡ್ಡಮ್ಮ, ತಂದೆಯ ಅಣ್ಣನ ಹೆಂಡತಿ ಆದರೂ ದೊಡ್ಡಮ್ಮ. ಪ್ರೊಲಾಗ್‌ನಲ್ಲೂ ಒಂದೇ ಹೆಸರಿನಲ್ಲಿ ಎರಡು ನಿಯಮ ಬರೆಯಬಹುದು. ಅದು ಮೊದಲನೆಯದನ್ನು ನೋಡುತ್ತದೆ, ಸಿಗದಿದ್ದರೆ ಹಿಂದೆ ಬಂದು ಎರಡನೆಯದನ್ನು ನೋಡುತ್ತದೆ. "ಇವನ ಸೋದರಮಾವ ಯಾರು?" ಎಂದೂ ಕೇಳಬಹುದು, "ಇವನು ಯಾರಿಗೆಲ್ಲ ಸೋದರಮಾವ?" ಎಂದೂ ಕೇಳಬಹುದು. ಬರೆದದ್ದು ಅದೇ, ಪ್ರಶ್ನೆ ಎರಡು ದಿಕ್ಕಿನದು.

ಹೇಳದೇ ಉಳಿದದ್ದನ್ನು ಪ್ರೊಲಾಗ್ ಹೇಗೆ ನೋಡುತ್ತದೆ? ಹಿಂದೆ ರೈಲು ಬೋಗಿಗೆ ಚಾರ್ಟ್ ಅಂಟಿಸುತ್ತಿದ್ದರು, ನೆನಪಿದೆಯಾ? ಅದರಲ್ಲಿ ನಿಮ್ಮ ಹೆಸರಿಲ್ಲ ಎಂದರೆ ಬರ್ತ್ ಇಲ್ಲ. "ಇವರಿಗೆ ಬರ್ತ್ ಇಲ್ಲ" ಎಂದು ಬೇರೆ ಪಟ್ಟಿ ಹಾಕುತ್ತಿರಲಿಲ್ಲ. ಹುಡುಕಿದರೂ ಸಿಗದ್ದು ಸುಳ್ಳು ಎಂದು ಹಿಡಿಯುವ ಈ ರೀತಿಗೆ 1978ರಲ್ಲಿ ಕೀತ್ ಕ್ಲಾರ್ಕ್ ಮತ್ತು ರೇಮಂಡ್ ರೈಟರ್ ಬೇರೆ ಬೇರೆ ಕಡೆಯಿಂದ ಗಟ್ಟಿ ಬುನಾದಿ ಹಾಕಿದರು. 1988ರಲ್ಲಿ ಮೈಕೆಲ್ ಗೆಲ್ಫಾಂಡ್ ಮತ್ತು ವ್ಲಾದಿಮಿರ್ ಲಿಫ್‌ಶಿಟ್ಸ್ ಅದಕ್ಕೆ ಇನ್ನೂ ಸ್ಪಷ್ಟ ಅರ್ಥ ಕೊಟ್ಟರು. ಎರಡು ಕವಲು ಸೇರಿದ ಜಾಗವೂ ಒಂದಿದೆ. 1974ರಲ್ಲಿ ಡೇವಿಡ್ ವಾರನ್ ಪ್ರೊಲಾಗ್‌ನಲ್ಲೇ ಒಂದು ಪ್ಲಾನರ್ ಬರೆದರು. ಬಹಳ ಚಿಕ್ಕ ಪ್ರೋಗ್ರಾಂ. ಸಸ್‌ಮನ್ ಅವರ ಆ ಮೂರು ಬ್ಲಾಕಿನ ಸಮಸ್ಯೆ ಅದಕ್ಕೆ ಬಗ್ಗಿತು.

1982ರಲ್ಲಿ ಜಪಾನ್ ಐದನೇ ತಲೆಮಾರಿನ ಕಂಪ್ಯೂಟರ್ ಎಂಬ ದೊಡ್ಡ ಯೋಜನೆ ಶುರು ಮಾಡಿತು. ಅದರ ತಳಹದಿ ಲಾಜಿಕ್ ಪ್ರೋಗ್ರಾಮಿಂಗ್. ಹತ್ತು ವರ್ಷದ ಗಡುವು. ಅಮೆರಿಕ, ಬ್ರಿಟನ್ ಎರಡೂ ಗಾಬರಿಯಾಗಿ ತಮ್ಮ ತಮ್ಮ ಯೋಜನೆ ತೆಗೆದವು. ಭಾರತವೂ ಕೈಕಟ್ಟಿ ಕೂರಲಿಲ್ಲ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಕೆಬಿಸಿಎಸ್ ಯೋಜನೆ ಆರಂಭಿಸಿತು. ಜ್ಞಾನ ಆಧಾರಿತ ಕಂಪ್ಯೂಟರ್ ವ್ಯವಸ್ಥೆಗಳು ಎಂದು ಅದರ ಅರ್ಥ. ಬೆಂಗಳೂರಿನ ಐಐಎಸ್‌ಸಿ, ಮದ್ರಾಸಿನ ಐಐಟಿ ಅದರಲ್ಲಿದ್ದವು. ನಮ್ಮ ಮುಂಬೈಯಿಂದ ಮೂಲಭೂತ ವಿಜ್ಞಾನದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಮತ್ತು ಜುಹುವಿನ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಇದ್ದವು.

ಜುಹು ಎಂದರೆ ಸಮುದ್ರ, ಭೇಲ್‌ಪುರಿ, ಸಿನಿಮಾ ನಟರ ಮನೆ ಎಂದೇ ನಮ್ಮವರಿಗೆ ಗೊತ್ತು. ಊರಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗದ ಮುಂಬೈ ಕನ್ನಡಿಗ ಇಲ್ಲ. ಅದೇ ಜುಹುವಿನಲ್ಲಿ ದೇಶದ ಎಐ ಕೆಲಸದ ಒಂದು ದೊಡ್ಡ ಅಧ್ಯಾಯ ನಡೆಯಿತು ಎಂಬುದು ಎಲ್ಲರಿಗೂ ತಿಳಿಯಬೇಕು. 1989ರ ಡಿಸೆಂಬರ್ 11ರಿಂದ 13ರವರೆಗೆ ಕೆಬಿಸಿಎಸ್ ಹೆಸರಿನ ಅಂತರರಾಷ್ಟ್ರೀಯ ಸಮ್ಮೇಳನ ಬೊಂಬಾಯಿಯಲ್ಲೇ ನಡೆಯಿತು. ಎನ್‌ಸಿಎಸ್‌ಟಿ 2003ರಲ್ಲಿ ಸರಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನೊಳಗೆ ಸೇರಿತು. ಅದೇ 2003ರ ಡಿಸೆಂಬರ್‌ನಲ್ಲಿ ಲಾಜಿಕ್ ಪ್ರೋಗ್ರಾಮಿಂಗ್‌ನ 19ನೇ ಜಾಗತಿಕ ಸಮ್ಮೇಳನವೂ ಮುಂಬೈಗೆ ಬಂತು.

ಅಷ್ಟು ಹೊತ್ತಿಗೆ ಜಪಾನಿನ ಯೋಜನೆ ಮುಗಿದು ಹೋಗಿತ್ತು. ಅವರು ಒಳ್ಳೆಯ ಯಂತ್ರಗಳನ್ನೇ ಕಟ್ಟಿದ್ದರು. ಆದರೆ ಸಾಮಾನ್ಯ ಕಂಪ್ಯೂಟರುಗಳು ಅದಕ್ಕಿಂತ ಬೇಗ ಅಗ್ಗವಾದವು, ವೇಗವಾದವು. ಲಾಜಿಕ್ ಪ್ರೋಗ್ರಾಮಿಂಗ್ ಸೋತಿತು ಎಂದು ಹಲವರು ಬರೆದರು. ನಾನು ಒಪ್ಪುವುದಿಲ್ಲ. ಸೋತದ್ದು ಗಡುವು. ವಿಚಾರ ಕೆಲಸ ಮಾಡುತ್ತಲೇ ಇತ್ತು. ಗೆಲ್ಫಾಂಡ್ ಅವರ ತಂಡ ಇದೇ ದಾರಿಯಲ್ಲಿ ಬಾಹ್ಯಾಕಾಶ ನೌಕೆಯ ನಿಯಂತ್ರಕರಿಗೆ ನೆರವಾಗುವ ಪ್ಲಾನಿಂಗ್ ಪ್ರೋಗ್ರಾಂ ಬರೆಯಿತು.

ಪ್ಲಾನಿಂಗ್‌ಗೆ ಒಳ್ಳೆಯ ದಿನ ಬಂದದ್ದು 1990ರ ದಶಕದಲ್ಲಿ. 1992ರಲ್ಲಿ ಹೆನ್ರಿ ಕೌಟ್ಸ್ ಮತ್ತು ಬಾರ್ಟ್ ಸೆಲ್ಮನ್ ಯೋಜನೆಯ ಪ್ರಶ್ನೆಯನ್ನು ಹೌದು-ಇಲ್ಲ ಲೆಕ್ಕವಾಗಿ ತಿರುಗಿಸಿದರು. 1995ರಲ್ಲಿ ಇನ್ನೊಂದು ಪ್ಲಾನರ್, ಗ್ರಾಫ್‌ಪ್ಲಾನ್ ಬಂತು. 1998ರಲ್ಲಿ ಯೋಜನೆಯ ಸಮಸ್ಯೆಗಳನ್ನು ಎಲ್ಲರೂ ಒಂದೇ ರೀತಿ ಬರೆಯಲು ಪಿಡಿಡಿಎಲ್ ಎಂಬ ಭಾಷೆ ಬಂತು, ಅದರ ಜೊತೆ ಪ್ಲಾನರುಗಳ ಸ್ಪರ್ಧೆಯೂ ಶುರುವಾಯಿತು. ಇವೆಲ್ಲದರಲ್ಲಿ ನನಗೆ ಇಷ್ಟವಾದದ್ದು ಒಂದು ಉಪಾಯ. ಗುರಿ ಇನ್ನೂ ಎಷ್ಟು ದೂರ ಎಂದು ಅಂದಾಜು ಮಾಡಲು, ಸ್ಟ್ರಿಪ್ಸ್ ಕಾಲದ ಆ ಮೂರನೆಯ ಪಟ್ಟಿಯನ್ನು ಸುಮ್ನೆ ಮರೆತುಬಿಡುವುದು. ಯಾವುದೂ ಕಳೆದುಹೋಗುವುದಿಲ್ಲ ಎಂದುಕೊಳ್ಳುವುದು. ಕೊಟ್ಟ ಕೀಲಿ ಕೈಯಲ್ಲೇ ಇದೆ, ತಿಂದ ವಡೆ ತಟ್ಟೆಯಲ್ಲೇ ಇದೆ. ಅಂಥ ಲೋಕದಲ್ಲಿ ಯೋಜನೆ ಹಾಕುವುದು ಸುಲಭ. ಆ ಸುಲಭದ ಉತ್ತರವನ್ನು ದಿಕ್ಸೂಚಿಯಾಗಿ ಹಿಡಿದು ನಿಜವಾದ ಲೋಕದಲ್ಲಿ ಹುಡುಕುತ್ತಾರೆ. 2001ರ ಹೊತ್ತಿಗೆ ಹಾಫ್‌ಮನ್ ಮತ್ತು ನೇಬೆಲ್ ಅವರ ಎಫ್‌ಎಫ್ ಪ್ಲಾನರ್ ಈ ಉಪಾಯದಿಂದಲೇ ಹೆಸರು ಮಾಡಿತು.

1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆ ಭೂಮಿಯಿಂದ ಸುಮಾರು 10 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅದರೊಳಗೆ ರಿಮೋಟ್ ಏಜೆಂಟ್ ಎಂಬ ಪ್ರೋಗ್ರಾಂ ತಾನೇ ಯೋಜನೆ ಹಾಕಿ ನೌಕೆಯನ್ನು ನಡೆಸಿತು. ನಡುವೆ ಒಮ್ಮೆ ಅದು ನಿಂತೂ ಹೋಯಿತು. ಒಳಗಿನ ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತಾ ಕುಳಿತಿದ್ದವು. ಅದೇ ಬಗೆಯ ತಪ್ಪನ್ನು ತರ್ಕದಿಂದ ಪರೀಕ್ಷಿಸುವ ಸಾಧನವೊಂದು ಎರಡು ವರ್ಷ ಮೊದಲೇ ಪ್ರೋಗ್ರಾಂನ ಬೇರೊಂದು ಭಾಗದಲ್ಲಿ ಹಿಡಿದಿತ್ತು. ಈ ಭಾಗವನ್ನು ಹಾಗೆ ಪರೀಕ್ಷಿಸಿರಲಿಲ್ಲ.

ಈಗ ಚಾಟ್‌ಬಾಟ್‌ಗಳ ಕಾಲ. ಅವು ಕಲಿತದ್ದು ನಾವು ಬರೆದ ಮಾತುಗಳಿಂದ. ನಮ್ಮ ಪಟ್ಟಿಗಳು ಹೇಗೆ ಕಾಣುತ್ತವೆ ಎಂಬುದು ಅವಕ್ಕೆ ಚೆನ್ನಾಗಿ ಗೊತ್ತು. ಆದರೆ ಪ್ರತಿ ಸಾಲಿನ ನಂತರ ಕೀಲಿ ಯಾರ ಕೈಯಲ್ಲಿದೆ ಎಂದು ತಾಳೆ ನೋಡುವ ಖಾತ್ರಿ ಅವುಗಳ ಒಳಗಿಲ್ಲ. ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕದ ಅರಿಜೋನಾದಲ್ಲಿ ಪ್ರೊಫೆಸರ್ ಆಗಿರುವ ಸುಬ್ಬರಾವ್ ಕಂಭಂಪಾಟಿ ಮತ್ತು ಅವರ ತಂಡ 2023ರಲ್ಲಿ ಇದನ್ನು ಅಳೆದು ನೋಡಿತು. ಆಗಿನ ಭಾಷಾ ಮಾದರಿ ಜಿಪಿಟಿ-4 ತಾನಾಗಿ ಹಾಕಿದ ಯೋಜನೆಗಳಲ್ಲಿ ಸರಾಸರಿ ಶೇಕಡ 12ರಷ್ಟು ಮಾತ್ರ ಸರಿ ಇದ್ದವು. ಬ್ಲಾಕುಗಳ ಸಮಸ್ಯೆಯಲ್ಲಿ ಹೆಸರುಗಳನ್ನಷ್ಟೇ ಬದಲಾಯಿಸಿ ಕೊಟ್ಟಾಗ ಇನ್ನೂ ಕೆಳಗಿಳಿಯಿತು. ಅನ್ನಕ್ಕೆ ಅನ್ನ ಎನ್ನದೆ ಬೇರೇನೋ ಹೆಸರಿಟ್ಟರೆ ಡಬ್ಬಿ ಜೋಡಿಸುವುದು ನಮಗೆ ಮರೆತು ಹೋಗುವುದಿಲ್ಲ. ನಂತರ ಬಂದ, ಯೋಚಿಸಿ ಉತ್ತರಿಸುವ ಮಾದರಿಗಳು ಬಹಳ ಸುಧಾರಿಸಿವೆ. ಹೆಸರು ಬದಲಾದಾಗ ಅವೂ ಎಡವಿದ್ದಿದೆ.

2024ರಲ್ಲಿ ಅದೇ ತಂಡ ಹೇಳಿದ ದಾರಿ ನನಗೆ ಸರಿ ಕಾಣುತ್ತದೆ. ಚಾಟ್‌ಬಾಟ್ ಊಹಿಸಲಿ. ಹಳೆಯ ತರ್ಕದ ಪರೀಕ್ಷಕ ಒಂದೊಂದೇ ಹೆಜ್ಜೆ ನೋಡಿ, ತಪ್ಪು ಎಲ್ಲಿದೆ ಎಂದು ತಿರುಗಿ ಹೇಳಲಿ. ನಮ್ಮ ಮನೆಯಲ್ಲಿ ಅಮ್ಮ ಮಾಡಿದ್ದು ಆ ಪರೀಕ್ಷಕನ ಕೆಲಸ.

ಆ ರಾತ್ರಿ ನಾನು ಉಚಿತವಾಗಿ ಸಿಗುವ ಒಂದು ಪ್ಲಾನರ್ ಇಳಿಸಿಕೊಂಡೆ. ಬಾಗಿಲು, ಕೀಲಿ, ಕಾಕೂ, ಬಿಲ್ಡಿಂಗಿನ ವಾಚ್‌ಮನ್, ನಾವು, ಎಲ್ಲವನ್ನೂ ಪಿಡಿಡಿಎಲ್‌ನಲ್ಲಿ ಬರೆದೆ. ಗಂಟೆಗಟ್ಟಲೆ ಹಿಡಿಯಿತು. ಉತ್ತರ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು: ಶುಕ್ರವಾರ ಬೀಗ ಹಾಕು, ಕೀಲಿ ಕಾಕೂಗೆ ಕೊಡು, ಹೊರಡು. ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. ಅಮ್ಮ ಓದಿ, "ಕಾಕೂ ಗುರುವಾರ ರಾತ್ರಿಯೇ ಪುಣೆಗೆ ಮಗಳ ಮನೆಗೆ ಹೋಗ್ತಾರಲ್ಲ, ಶನಿವಾರ ಬರೋದು. ನೀನು ಬರೆದಿಲ್ವಾ?" ಎಂದರು.

ಬರೆದಿರಲಿಲ್ಲ. ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಈ ಸಲ ಕೀಲಿ ವಾಚ್‌ಮನ್ ಕೈಗೆ ಹೋಯಿತು.