ಪೇಟಿ, ತಂಬೂರಿ, ಕ್ಯಾಸಿಯೊ ಸೌಂಡನ್ನ ಮಾಡ್ಯುಲರ್ ಫಿಲ್ಟರ್‌ನಾಗ ಹಾಯಿಸೂದು: ನನ್ನ ಟಿಪ್ಪಣಿ

ನಿನ್ನೆ ರಾತ್ರಿ ಬಾಗಲಕೋಟಿ ನವನಗರದ ರೂಮಿನ್ಯಾಗ ಹನ್ನೊಂದರ ತನಕ ಕುಂತಾಗ, ಹೊರಗಿನ ಸೌಂಡ್ ಮಾಡ್ಯುಲರ್ ಸಿಂಥಿನ (ಬಿಡಿ ಬಿಡಿ ಮಾಡ್ಯೂಲ್ ವೈರಿನಿಂದ ಜೋಡಿಸೂ ಸಿಂಥಸೈಜರ್) ಫಿಲ್ಟರ್‌ಗೆ ಹೆಂಗ ಕೊಡೂದು ಅಂತ ಕಡೀಗೆ ತಿಳೀತು, ಮರೀಯೂದ್ರೊಳಗ ಬರದಿಡಾಕತ್ತೀನಿ. ಪ್ಯಾಚ್ (ವೈರಿನ ಜೋಡಣಿ) ಹೆಂಗ ಹಾಕೂದು, ವಿಸಿಎ (ವೋಲ್ಟೇಜಿನಿಂದ ಲೆವಲ್ ಏರಿಸಿ ಇಳಿಸೂ ಮಾಡ್ಯೂಲ್) ಅಂದ್ರೇನು, ಕಟ್‌ಆಫ್ (ಫಿಲ್ಟರ್ ಕತ್ತರಿಸಾಕ ಶುರು ಮಾಡೂ ಫ್ರೀಕ್ವೆನ್ಸಿ) ಅಂದ್ರೇನು ಇವು ನಿಮಗ ಗೊತ್ತದಾವು ಅಂತ ಹಿಡಕೊಂಡು ಬರೀತೀನಿ.

ನನ್ನ ಹತ್ರ ಇರೂದು ಮೂರು ಮೂಲ: ಕಾಕಾರ ಹಳೇ ಪೇಟಿ, ಅಂದ್ರ ಹಾರ್ಮೋನಿಯಂ (ಶ್ರೀಕೃಷ್ಣ ಪಾರಿಜಾತ ಆಟದ ಮೇಳಕ್ಕ ಬಾರಿಸ್ತಿದ್ರು), ಒಂದು ಎಲೆಕ್ಟ್ರಾನಿಕ್ ತಂಬೂರಿ ಡಬ್ಬಿ, ಒಂದು ಕ್ಯಾಸಿಯೊ ಕೀಬೋರ್ಡ್. ರ‍್ಯಾಕಿನ್ಯಾಗ ಒಂದು 24 ಡಿಬಿ ಲ್ಯಾಡರ್ ಲೋಪಾಸ್ (ಕಟ್‌ಆಫ್‌ಗಿಂತ ಮ್ಯಾಲಿನ ಫ್ರೀಕ್ವೆನ್ಸಿ ಇಳಿಸೂ ಫಿಲ್ಟರ್), ಒಂದು ಎನ್ವಲಪ್ ಫಾಲೋವರ್ (ಸೌಂಡಿನ ಜೋರನ್ನ ವೋಲ್ಟೇಜ್ ಮಾಡೂದು), ಒಂದು ವಿಸಿಎ. ಹೊರಗಿನ ಸೌಂಡ್ ಸಿಂಥಿನ ಫಿಲ್ಟರ್‌ಗೆ ಕೊಡೂದು ಹೊಸಾದೇನಲ್ಲ, 1970ರ ಮಿನಿಮೂಗ್‌ನ್ಯಾಗೇ ಎಕ್ಸ್‌ಟರ್ನಲ್ ಇನ್‌ಪುಟ್ ಇತ್ತು, 1978ರ ಕಾರ್ಗ್ ಎಂಎಸ್-20ದಾಗ ಅದಕ್ಕಂತನ ಒಂದು ಇಡೀ ಸೆಕ್ಷನ್ ಐತಿ.

ನಾನು ಸಿಕ್ಕಾಕೊಂಡಿದ್ದು ಎಲ್ಲಿ

ಕ್ಯಾಸಿಯೊದ ಹೆಡ್‌ಫೋನ್ ಸಾಕೆಟ್‌ನಿಂದ ನೇರ ಫಿಲ್ಟರ್‌ಗೆ ವೈರ್ ಹಾಕಿದೆ, ಸೌಂಡ್ ಬಂತು, ಆದ್ರ ಸಣ್ಣಗ, ದೂರದ ಮನ್ಯಾಗ ಯಾರೋ ರೇಡಿಯೊ ಹಚ್ಚಿದಂಗ. ರೆಸೊನನ್ಸ್ (ಕಟ್‌ಆಫ್ ಹತ್ರದ ಫ್ರೀಕ್ವೆನ್ಸಿ ಎತ್ತಿ ಹಿಡಿಯೂದು) ಏರಿಸಿದ್ರ ಕ್ಯಾಸಿಯೊ ಮುಳಗಿ ಹೋಗಿ ಫಿಲ್ಟರ್‌ನ ಸಿಳ್ಳೆ ಒಂದ ಉಳೀತು. ಎರಡು ವಾರ ನಾನು ಫಿಲ್ಟರ್ ಕೆಟ್ಟೈತಿ ಅಂದಕೊಂಡಿದ್ದೆ. ಕೆಟ್ಟಿರಲಿಲ್ಲ, ಅದಕ್ಕ ಹೊಟ್ಟಿ ತುಂಬಾ ವೋಲ್ಟೇಜ್ ಸಿಗ್ತಿರಲಿಲ್ಲ ಅಷ್ಟ.

ಲೆಕ್ಕ ಹಿಂಗೈತಿ, ನಿಧಾನಕ್ಕ ಓದ್ರಿ, ಯಾಕಂದ್ರ ಇಲ್ಲೇ ನನಗ ತಲಿ ಕೆಟ್ಟಿದ್ದು. ಯೂರೋರ‍್ಯಾಕ್ (ಈ ಮಾಡ್ಯೂಲ್‌ಗಳ ಅಳತಿ ಪದ್ಧತಿ) ಒಳಗ ಆಡಿಯೊ ಸಾಮಾನ್ಯವಾಗಿ ಪೀಕ್-ಟು-ಪೀಕ್ 10 ವೋಲ್ಟ್, ಅಂದ್ರ ಮ್ಯಾಲೆ 5, ಕೆಳಗ 5. ಮನಿ ಸಾಮಾನಿನ ಲೈನ್ ಲೆವಲ್ -10 ಡಿಬಿವಿ (1 ವೋಲ್ಟಿಗೆ ಹೋಲಿಸಿ ಅಳಿಯೂ ಡೆಸಿಬಲ್). ಈ ಮೈನಸ್ ನೋಡಿ ನಾನು ಸೌಂಡ್ ಸೊನ್ನೆಗಿಂತ ಕಡಿಮಿ ಅಂದ್ರ ಹೆಂಗ ಅಂತ ಗೊಂದಲಕ್ಕ ಬಿದ್ದೆ. ಮೈನಸ್ ಅಂದ್ರ 1 ವೋಲ್ಟಿಗಿಂತ ಸಣ್ಣದು, ಬ್ಯಾರೇನಿಲ್ಲ. ಸೂತ್ರ: ವೋಲ್ಟೇಜ್ ಎಷ್ಟು ಪಟ್ಟು ಅನ್ನೂದರ ಲಾಗರಿದಮ್, ಅದನ್ನ 20ರಿಂದ ಗುಣಿಸಬೇಕು. ತಿರಗಾ ಮುರಗಾ ಮಾಡಿದ್ರ -10 ಡಿಬಿವಿ ಅಂದ್ರ 0.316 ವೋಲ್ಟ್. ಆದ್ರ ಇದು ಆರ್‌ಎಂಎಸ್ (ಒಂದು ಥರದ ಸರಾಸರಿ ವೋಲ್ಟೇಜ್)! ರ‍್ಯಾಕಿನ 10 ವೋಲ್ಟ್ ಪೀಕ್-ಟು-ಪೀಕ್. ಎರಡನ್ನೂ ಹಂಗ ಹೋಲಿಸಿದ್ರ ಲೆಕ್ಕ ತಪ್ಪತೈತಿ, ನಾನು ಮಾಡಿದ್ದು ಅದನ್ನ. ಸೈನ್ ವೇವ್ ಆದ್ರ ಆರ್‌ಎಂಎಸ್‌ನ 2.83ರಿಂದ ಗುಣಿಸಬೇಕು, ಆಗ 0.316 ಹೋಗಿ ಸುಮಾರು 0.9 ವೋಲ್ಟ್ ಪೀಕ್-ಟು-ಪೀಕ್ ಆಕ್ಕೈತಿ. 0.9ನ್ನ 10 ಮಾಡಬೇಕಂದ್ರ ಹನ್ನೊಂದು ಪಟ್ಟು, ಅಂದ್ರ ಹತ್ರ ಹತ್ರ 21 ಡಿಬಿ ಗೇನ್ (ಸಿಗ್ನಲ್ ಏರಿಸೂದು) ಬೇಕು. ಸ್ಟುಡಿಯೊ ಸಾಮಾನಿನ +4 ಡಿಬಿಯು (ಇದು 1 ವೋಲ್ಟಿಗಲ್ಲ, 0.775 ವೋಲ್ಟಿಗೆ ಹೋಲಿಸಿದ ಅಳತಿ) ಆದ್ರ 1.23 ವೋಲ್ಟ್ ಆರ್‌ಎಂಎಸ್, 3.5 ವೋಲ್ಟ್ ಪೀಕ್-ಟು-ಪೀಕ್, ಅದಕ್ಕ 9 ಡಿಬಿ ಸಾಕು. ನಾನು ನೆನಪಿಟ್ಟಿದ್ದು ಇಷ್ಟ: ಎರಡು ಪಟ್ಟಿಗೆ 6 ಡಿಬಿ, ಹತ್ತು ಪಟ್ಟಿಗೆ 20 ಡಿಬಿ, ಉಳದದ್ದು ಇವೆರಡರಿಂದ ಕಟ್ಟಕೋಬೋದು.

ಈ ಗೇನ್ ಕೊಡಾಕ ಇನ್‌ಪುಟ್ ಮಾಡ್ಯೂಲ್ ಅಂತಿರ್ತಾವು, ಡೋಪ್ಫರ್ ಎ-119ದಾಗ ಪ್ರಿಆಂಪ್ ಮತ್ತ ಎನ್ವಲಪ್ ಫಾಲೋವರ್ ಎರಡೂ ಒಂದ ಪ್ಯಾನೆಲ್ ಮ್ಯಾಲೆ ಅದಾವು. ಬರೇ ಅಟೆನ್ಯುವೇಟರ್ ಇರೂ ಮಿಕ್ಸರ್ ನಡಿಯಂಗಿಲ್ಲ, ಅದು ಇಳಸತೈತಿ, ಏರಸಂಗಿಲ್ಲ. ಪೇಟಿಗೆ ಮೈಕ್ ಹಿಡದ್ರ ಅದು ಕೆಲವು ಮಿಲಿವೋಲ್ಟ್ ಅಷ್ಟ, ಮೊದಲು ಮೈಕ್ ಪ್ರಿಆಂಪ್, ಆಮ್ಯಾಲೆ ರ‍್ಯಾಕ್. ಮತ್ತ ಹೆಡ್‌ಫೋನ್ ಹಾಕ್ಕೊಂಡ ಕೇಳ್ರಿ, ಸ್ಪೀಕರ್ ಹಚ್ಚಿ ರೆಸೊನನ್ಸ್ ಏರಿಸಿದ್ರ ಮೈಕ್ ಕೂಗಾಕ ಶುರು ಮಾಡತೈತಿ.

ಲೆವಲ್ಲೇ ಬಣ್ಣ

ಗೇನ್ ಸರಿ ಆದಮ್ಯಾಲೆ ನನಗ ಖುಷಿ ಕೊಟ್ಟಿದ್ದು ಇದು. ಗೇನ್ ಅಂದ್ರ ವಾಲ್ಯೂಮ್ ಅಂತ ತಿಳಕೊಂಡಿದ್ದೆ, ಲ್ಯಾಡರ್ ಫಿಲ್ಟರ್‌ಗೆ ಅದು ವಾಲ್ಯೂಮ್ ಅಲ್ಲ. ಒಳಗ ಟ್ರಾನ್ಸಿಸ್ಟರ್ ಜೋಡಿಗಳು ಏಣಿ ಮೆಟ್ಟಲದಂಗ ಕುಂತಿರ್ತಾವು, ಇನ್‌ಪುಟ್ ಜೋರು ಆದಂಗ ಅವು ತುಂಬಿ ವೇವ್‌ನ ತುದಿ ಮೆತ್ತಗ ಮಾಡತಾವು, ಸೌಂಡ್ ದಪ್ಪ ಆಕ್ಕೈತಿ, ರೆಸೊನನ್ಸ್ ತಣ್ಣಗ ಆಕ್ಕೈತಿ. ಇನ್‌ಪುಟ್ ಇಳಿಸಿದ್ರ ರೆಸೊನನ್ಸ್ ಎದ್ದು ನಿಲ್ಲತೈತಿ. ಅದಕ್ಕ ಈಗ ನಾನು ರೆಸೊನನ್ಸ್ ನಾಬ್ ಒಂದ ಕಡೆ ಬಿಟ್ಟು ಗೇನ್ ನಾಬಿನಿಂದನ ಎರಡರ ಜಗಳ ಬಿಡಿಸ್ತೀನಿ. ರೆಸೊನನ್ಸ್ ಏರಿಸಿದಾಗ ಲ್ಯಾಡರ್‌ನ್ಯಾಗ ಬಾಸ್ ಇಳೀತೈತಿ, ಅದೂ ಕೆಟ್ಟದ್ದಲ್ಲ, ಅದರ ಸ್ವಭಾವ ಹಂಗ.

ಇನ್ನೊಂದು, ಲೋಪಾಸ್ ಇದ್ದದ್ದನ್ನ ತಗೀತೈತಿ, ಇಲ್ಲದ್ದನ್ನ ಹುಟ್ಟಸಂಗಿಲ್ಲ. ಕ್ಯಾಸಿಯೊದ ಫ್ಲೂಟ್ ಟೋನ್ ಕೊಟ್ರ ಕಟ್‌ಆಫ್ ತಿರುವಿದ್ರೂ ಬಾಳೇನೂ ಆಗಂಗಿಲ್ಲ, ಬ್ರಾಸ್ ಅಥವಾ ಸ್ಟ್ರಿಂಗ್ಸ್ ಕೊಡ್ರಿ. ಪೇಟಿ ಎಲ್ಲಾಕಿಂತ ಚಲೋ, ಅದರ ರೀಡಿನ್ಯಾಗ ಹಾರ್ಮೋನಿಕ್ಸ್ (ಮೂಲ ಸ್ವರದ 2, 3, 4 ಪಟ್ಟು ಫ್ರೀಕ್ವೆನ್ಸಿ) ತುಂಬಿ ತುಳಕತಾವು.

ಹೊರಗಿನ ಸೌಂಡಿಗೆ ಗೇಟ್ ಇಲ್ಲ

ರ‍್ಯಾಕಿನ ಎನ್ವಲಪ್‌ಗೆ (ಸೌಂಡ್ ಏರಿ ಇಳಿಯೂ ಆಕಾರ ಕೊಡೂದು) ಗೇಟ್ (ಕೀ ಒತ್ತಿದ್ದು, ಬಿಟ್ಟಿದ್ದು ತಿಳಿಸೂ ವೋಲ್ಟೇಜ್) ಬೇಕು, ಪೇಟಿ ಗೇಟ್ ಕಳಸಂಗಿಲ್ಲ. ಎನ್ವಲಪ್ ಫಾಲೋವರ್ ಸೌಂಡಿನ ಕೆಳಗಿನ ಅರ್ಧಾನ ಮ್ಯಾಲಕ್ಕ ಮಡಚಿ, ಆಮ್ಯಾಲೆ ನುಣ್ಣಗ ಮಾಡಿ, ಎಷ್ಟು ಜೋರು ಐತಿ ಅನ್ನೂದನ್ನ ವೋಲ್ಟೇಜ್ ಮಾಡಿ ಕೊಡತೈತಿ. ಅದನ್ನ ಕಟ್‌ಆಫ್‌ಗೆ ಹಾಕಿದೆ. ಕಾಕಾ ತಿದಿ ಒತ್ತಿದಂಗ ಫಿಲ್ಟರ್ ತೆರೀತು, ಬಿಟ್ಟಂಗ ಮುಚ್ಚಿತು, ಪೇಟಿ ಬಾಯಿ ತೆರದು ಹಾಡಿದಂಗ! ನುಣುಪು ಕಡಿಮಿ ಇಟ್ರ ಗುರ್ ಅನ್ನೂ ಒರಟು ಸೇರತೈತಿ, ಬಾಳ ಇಟ್ರ ಫಿಲ್ಟರ್ ಹಿಂದ ಬೀಳತೈತಿ. ಕ್ಯಾಸಿಯೊಗೆ ಇದು ಬೇಕಿಲ್ಲ, ಮಿಡಿಯಿಂದ (ಯಾವ ಕೀ ಒತ್ತಿದ್ರು ಅಂತ ಕೀಬೋರ್ಡ್ ಕಳಸೂ ಡಿಜಿಟಲ್ ಸಂದೇಶ) ಗೇಟ್ ತಗೀಬೋದು. ಆದ್ರ ನಾಕು ಕೀ ಒತ್ತಿದ್ರೂ ಫಿಲ್ಟರ್ ಒಂದೇ, ಹೊಸ ಕೀ ಒತ್ತಿದಾಗ ಹಳೇ ಸ್ವರಾನೂ ಮತ್ತ ತೆರೀತಾವು.

ವೈರ್ ಬಗ್ಗೆ ಒಂದ ಮಾತು: ಹೆಡ್‌ಫೋನ್ ಸಾಕೆಟ್ ಸ್ಟೀರಿಯೊ, ರ‍್ಯಾಕ್ ಮೋನೋ. ಮೋನೋ ಪಿನ್ ಸಿಗಿಸಿದ್ರ ಬಲಗಡೆ ಚಾನೆಲ್ ಗ್ರೌಂಡಿಗೆ ಶಾರ್ಟ್ ಆಕ್ಕೈತಿ, ಅದಕ್ಕ ಸ್ಟೀರಿಯೊನ ಎರಡು ಮೋನೋ ಮಾಡೂ ಕವಲು ಕೇಬಲ್ ತಗೋರಿ. ವಾಪಸ್ ರೆಕಾರ್ಡಿಂಗಿಗೆ ಹೋಗೂಮುಂದ ಲೆವಲ್ ಇಳಿಸ್ರಿ, ಮೈಕ್ ಇನ್‌ಪುಟ್‌ಗೆ ಕೊಡಬ್ಯಾಡ್ರಿ.

ತಂಬೂರಿ, ನನ್ನ ಇಷ್ಟದ ಪ್ಯಾಚ್

ಪೇಟಿ ಸ್ವರ ಬದಲಾದಂಗ ಕಟ್‌ಆಫ್ ಅದರ ಹಿಂದ ಹೋಗಂಗಿಲ್ಲ. ತಂಬೂರಿ ಒಂದ ಶ್ರುತಿಯೊಳಗ ನಿಂತಿರತೈತಿ, ಅದಕ್ಕ ಆ ಚಿಂತಿ ಇಲ್ಲ. ಕಾಳಿ ಒಂದರ (ಪೇಟಿಯ ಮೊದಲ ಕರೀ ಕೀ) ಸಾ ಸುಮಾರು 138.6 ಹರ್ಟ್ಜ್. ರೆಸೊನನ್ಸ್ ಸಿಳ್ಳೆ ಹೊಡಿಯೂದಕ್ಕ ಸ್ವಲ್ಪ ಮೊದಲು ನಿಲ್ಲಿಸಿ ಕಟ್‌ಆಫ್ ಬಾಳ ನಿಧಾನಕ್ಕ ಏರಿಸ್ರಿ. 277ಕ್ಕ ಮ್ಯಾಲಿನ ಸಾ, 416ಕ್ಕ ಪಂಚಮ, 554ಕ್ಕ ಮತ್ತ ಸಾ, 693ಕ್ಕ ಗಂಧಾರ ಹೊರಗ ಬರತೈತಿ, ತಂತಿಗೆ ಯಾರೂ ಗಂಧಾರ ಶ್ರುತಿ ಮಾಡಿಲ್ಲ, ಆದ್ರೂ ಅದು ಸಾ ಒಳಗ ಐದನೇ ಹಾರ್ಮೋನಿಕ್ ಆಗಿ ಮೊದಲಿಂದ ಇತ್ತು. 970ರ ಹತ್ರ ಏಳನೇದು, ಕೋಮಲ ನಿಷಾದಕ್ಕಿಂತ ಸ್ವಲ್ಪ ಕೆಳಗ. ಇದನ್ನ ಕೇಳಿ ಕಾಕಾ ಬಾರಿಸೂದು ನಿಲ್ಲಿಸಿ ಹೆಡ್‌ಫೋನ್ ಇಸಕೊಂಡ್ರು, "ಗಂಧಾರ ಐತಿ ಅಂತ ಗುರುಗಳು ಹೇಳ್ತಿದ್ರು, ಇಷ್ಟು ಬಿಡಿಸಿ ಇವತ್ತ ಕೇಳಿದೆ ನೋಡು ತಮ್ಮಾ" ಅಂದ್ರು.

ಒಂದ ಪರೀಕ್ಷೆ ಮಾತ್ರ ಮಾಡ್ರಿ. ಸ್ವರ ಕೇಳಿದಾಗ ಇನ್‌ಪುಟ್ ಗೇನ್ ಪೂರ್ತಿ ಇಳಿಸ್ರಿ. ಆಗೂ ಸ್ವರ ಉಳದ್ರ ಅದು ಫಿಲ್ಟರ್‌ನ ಸ್ವಂತ ಸಿಳ್ಳೆ, ತಂಬೂರಿದಲ್ಲ, ರೆಸೊನನ್ಸ್ ಸ್ವಲ್ಪ ಹಿಂದಕ್ಕ ತಿರುವಿ ಮತ್ತ ಕೆಳಗಿನ ಸಾದಿಂದ ಶುರು ಮಾಡ್ರಿ.