ಕಾಮಾ ನಂಬಿ ಕತ್ತರಿಸಬೇಡಿ

ಹೆಸರು, ಕಂಪನಿ, ಫೋನ್, ಈಮೇಲ್ ಎಲ್ಲವನ್ನೂ ಒಂದೇ ಸೆಲ್‌ನಲ್ಲಿ, ಅಂದರೆ ಒಂದೇ ಚೌಕದಲ್ಲಿ, ತುರುಕಿದ ಎಕ್ಸೆಲ್ ಶೀಟ್ ವಾರಕ್ಕೆ ಒಂದಾದರೂ ನನ್ನ ಕೈಗೆ ಬರುತ್ತದೆ. ಕಳಿಸಿದವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಮಧ್ಯೆ ಕಾಮಾ ಇದೆ, ಸುಮ್ನೆ ಅಲ್ಲಿ ಕತ್ತರಿಸಿದರೆ ಆಯ್ತು ಅಲ್ವಾ?"

ಆಗುವುದಿಲ್ಲ. ಒಂದು ಶೀಟಿನ ಮೊದಲ ನಾಲ್ಕು ಸಾಲು ನೋಡಿ. ಮೊದಲನೆಯದರಲ್ಲಿ ಹೆಸರು, ಕಂಪನಿ, ಫೋನ್, ಈಮೇಲ್ ಸರಿಯಾಗಿ ಇವೆ. ಮೂರು ಕಾಮಾ, ನಾಲ್ಕು ಕಾಲಂ. ಎರಡನೆಯವರಿಗೆ ಕಂಪನಿ ಇಲ್ಲ. ಟೈಪ್ ಮಾಡಿದವರು ಆ ಜಾಗ ಖಾಲಿ ಬಿಡದೆ ಹೆಸರಿನ ಪಕ್ಕಕ್ಕೇ ಫೋನ್ ಬರೆದಿದ್ದಾರೆ. ಮೂರನೆಯ ಸಾಲಿನಲ್ಲಿ ಕಂಪನಿಯ ಹೆಸರಿನೊಳಗೇ ಒಂದು ಕಾಮಾ ಇದೆ. ನಾಲ್ಕನೆಯವರಿಗೆ ಎರಡು ಫೋನ್. ಈಗ ಕಾಮಾದಲ್ಲಿ ಕತ್ತರಿಸಿ. ಎರಡನೆಯವರ ಫೋನ್ ಕಂಪನಿಯ ಕಾಲಂಗೆ ಹೋಯಿತು. ಮೂರನೆಯ ಸಾಲಿನಲ್ಲಿ ಫೋನ್ ಇರಬೇಕಾದ ಕಡೆ ಅರ್ಧ ಕಂಪನಿ ಕೂತಿದೆ. ನಾಲ್ಕನೆಯವರ ಈಮೇಲ್ ಐದನೇ ಕಾಲಂಗೆ ಸರಿದಿದೆ. ನಾಲ್ಕು ಸಾಲಾದರೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಸಾವಿರವಾದರೆ ಬೀಳುವುದಿಲ್ಲ.

ಕಾಮಾ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತದೆ, ಆಚೆ ಕಡೆ ಏನಿದೆ ಅಂತ ಹೇಳುವುದಿಲ್ಲ. ಹಾಗಾಗಿ ನಾನು ಎಷ್ಟನೇ ತುಂಡು ಅಂತ ನೋಡುವುದಿಲ್ಲ, ಎಂಥ ತುಂಡು ಅಂತ ನೋಡುತ್ತೇನೆ. ಗುರುತು ಪಕ್ಕಾ ಇರುವುದನ್ನು ಮೊದಲು ಎತ್ತಿ ಬೇರೆ ಕಾಲಂಗೆ ಹಾಕುತ್ತೇನೆ. ಗುರುತು ಸಡಿಲ ಇರುವುದು ಕೊನೆಗೆ.

ಅದಕ್ಕೂ ಮೊದಲು ಎರಡು ಕೆಲಸ. ಮೂಲ ಕಾಲಂ ಅನ್ನು ಹಾಗೇ ಬಿಟ್ಟು, ಅದರ ನಕಲಿನ ಮೇಲೆ ಕೆಲಸ ಮಾಡಿ. ಎಡಕ್ಕೆ ಒಂದು ಕ್ರಮಸಂಖ್ಯೆಯ ಕಾಲಂ ಸೇರಿಸಿ. ಒಮ್ಮೆ ನಾನು ಫೋನ್ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿಬಿಟ್ಟೆ. ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ನಂಬರ್ ಬಂತು. ಗೊತ್ತಾಗುವಷ್ಟರಲ್ಲಿ ಫೈಲ್ ಸೇವ್ ಆಗಿ ಮುಚ್ಚಿಯೂ ಆಗಿತ್ತು. ಮೂಲ ಕಾಲಂ ಪಕ್ಕದಲ್ಲೇ ಇದ್ದದ್ದರಿಂದ ಎಲ್ಲವನ್ನೂ ಮತ್ತೆ ಕೂಡಿಸಲು ಆಯಿತು. ಅವತ್ತಿನಿಂದ ಈ ಎರಡು ಕೆಲಸ ಆಗದೆ ಮುಂದಕ್ಕೆ ಹೋಗುವುದಿಲ್ಲ.

ಈಗ ಈಮೇಲ್. ಅದರ ಗುರುತು @. ಅಲ್ಲಿಂದ ಎಡಕ್ಕೂ ಬಲಕ್ಕೂ ಹೋಗಿ, ಸ್ಪೇಸ್, ಕಾಮಾ, ಸೆಮಿಕೋಲನ್ ಅಥವಾ < > ಸಿಕ್ಕ ಕಡೆ ನಿಂತರೆ ಪೂರ್ತಿ ವಿಳಾಸ ಕೈಗೆ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದನ್ನು ರೆಜೆಕ್ಸ್‌ಎಕ್ಸ್‌ಟ್ರ್ಯಾಕ್ಟ್ (REGEXEXTRACT) ಎಂಬ ಫಂಕ್ಷನ್, ಅಂದರೆ ಸಿದ್ಧ ಸೂತ್ರ, ಮಾಡುತ್ತದೆ. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ಗೂ ಅದು ಈಚೆಗೆ ಬಂದಿದೆ. ಸಿಕ್ಕ ಈಮೇಲನ್ನು ನಕಲಿನಿಂದ ಸಬ್ಸ್‌ಟಿಟ್ಯೂಟ್ (SUBSTITUTE) ಫಂಕ್ಷನ್ ಬಳಸಿ, ಅದರ ಜಾಗಕ್ಕೆ ಖಾಲಿ ಹಾಕಿ, ತೆಗೆದುಹಾಕಿ.

ಈಮೇಲೇ ಮೊದಲು ಯಾಕೆ? ಈಮೇಲ್ ಒಳಗೆ ಅಂಕಿಗಳಿರುತ್ತವೆ. ಕೆಲವರು ಹುಟ್ಟಿದ ವರ್ಷ ಸೇರಿಸುತ್ತಾರೆ, ಕೆಲವರು ಮೊಬೈಲ್ ನಂಬರನ್ನೇ ಸೇರಿಸುತ್ತಾರೆ. ಫೋನ್ ಹುಡುಕಲು ಮೊದಲು ಹೋದರೆ ಅದೇ ಸಿಕ್ಕಿಹಾಕಿಕೊಳ್ಳುತ್ತದೆ.

ಆಮೇಲೆ ಫೋನ್. ಒಬ್ಬರು ಮಧ್ಯೆ ಸ್ಪೇಸ್ ಬಿಡುತ್ತಾರೆ, ಒಬ್ಬರು ಹೈಫನ್, ಇನ್ನೊಬ್ಬರು ಏರಿಯಾ ಕೋಡನ್ನು ಬ್ರಾಕೆಟ್‌ನಲ್ಲಿ ಹಾಕುತ್ತಾರೆ. ಆದರೂ ಅಂಕಿಗಳ ಸಾಲು ಉದ್ದ ಇರುವುದರಿಂದ ಮನೆ ನಂಬರ್, ಅಂಚೆ ಕೋಡ್‌ಗಳಿಂದ ಬೇರೆ ಮಾಡಬಹುದು. ಅಂತರರಾಷ್ಟ್ರೀಯ ನಿಯಮ ಇ.164ರ ಪ್ರಕಾರ ದೇಶದ ಕೋಡ್ ಸೇರಿ ಫೋನ್ ನಂಬರ್ 15 ಅಂಕಿ ದಾಟುವಂತಿಲ್ಲ. ಅದಕ್ಕಿಂತ ಉದ್ದದ್ದು ಕಂಡರೆ ಎರಡು ನಂಬರ್ ಅಂಟಿಕೊಂಡಿವೆ, ಇಲ್ಲವೇ ಎಕ್ಸ್‌ಟೆನ್ಷನ್ ಸೇರಿಕೊಂಡಿದೆ ಅಂತ ತಿಳಿಯಿರಿ.

ಹೆಚ್ಚಿನ ಅನಾಹುತ ಆಗುವುದೇ ಇಲ್ಲಿ. ಎಕ್ಸೆಲ್‌ಗೆ ಫೋನ್ ನಂಬರ್ ಕೂಡ ಕೂಡಿಸಿ ಕಳೆಯುವ ಸಂಖ್ಯೆಯೇ. ಶುರುವಿನಲ್ಲಿರುವ ಸೊನ್ನೆ ತೆಗೆದುಬಿಡುತ್ತದೆ, ಪ್ಲಸ್ ಚಿಹ್ನೆಯನ್ನೂ ತೆಗೆಯುತ್ತದೆ. 12 ಅಂಕಿ ಮುಟ್ಟಿದರೆ ಮಧ್ಯೆ ಇ ಅಕ್ಷರ ಇರುವ ರೂಪದಲ್ಲಿ ತೋರಿಸುತ್ತದೆ. 15 ಅಂಕಿ ದಾಟಿದರೆ ಉಳಿದ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಹೋದ ಅಂಕಿ ಮತ್ತೆ ಬರುವುದಿಲ್ಲ. ಆಮೇಲೆ ಫಾರ್ಮ್ಯಾಟನ್ನು ಟೆಕ್ಸ್ಟ್ ಅಂತ ಬದಲಿಸಿದರೂ ಬರುವುದಿಲ್ಲ. ಮನೆ ನಂಬರ್ 4/7 ಅಂತ ಇದ್ದರೆ ಅದು ತಾರೀಕಾಗಿ ಕೂರುತ್ತದೆ. ಹಾಗಾಗಿ ಒಂದು ಕಾಲಂ ಅನ್ನು ಹಲವು ಕಾಲಂ ಆಗಿ ಕತ್ತರಿಸುವ ಎಕ್ಸೆಲ್‌ನ ಟೆಕ್ಸ್ಟ್ ಟು ಕಾಲಮ್ಸ್ (Text to Columns) ಬಳಸುವಾಗ ಮೂರನೇ ಹೆಜ್ಜೆಯಲ್ಲಿ ಸೀದಾ ಫಿನಿಶ್ ಒತ್ತಬೇಡಿ. ಅಲ್ಲಿ ಪ್ರತಿ ಕಾಲಂ ಮೇಲೂ ಕ್ಲಿಕ್ ಮಾಡಿ ಟೆಕ್ಸ್ಟ್ ಅಂತ ಆರಿಸಬಹುದು. ಹತ್ತು ಸೆಕೆಂಡಿನ ಕೆಲಸ. ನನ್ನ ಹತ್ತಿರ ಬರುವ ಕೆಟ್ಟ ಫೈಲ್‌ಗಳಲ್ಲಿ ಬಹಳಷ್ಟು ಈ ಹತ್ತು ಸೆಕೆಂಡ್ ಉಳಿಸಲು ಹೋಗಿ ಕೆಟ್ಟವು.

ಟೈಪ್ ಮಾಡಿದವರು ಖಾಲಿ ಜಾಗಕ್ಕೂ ಕಾಮಾ ಹಾಕಿ, ಅಚ್ಚುಕಟ್ಟಾಗಿ ಕೊಟ್ಟಿದ್ದರೆ ಕಾಮಾದಲ್ಲೇ ಕತ್ತರಿಸಬಹುದು. ಆಗಲೂ ಒಂದು ಅಪಾಯ ಇದೆ. ಎಕ್ಸೆಲ್‌ನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಒಂದರ ಪಕ್ಕ ಒಂದು ಬಂದ ಕಾಮಾಗಳನ್ನು ಒಂದೇ ಎಂದು ಎಣಿಸುವ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ, ಇಲ್ಲದಿದ್ದರೆ ಖಾಲಿ ಜಾಗ ಮಾಯವಾಗಿ ಎಲ್ಲ ಎಡಕ್ಕೆ ಸರಿಯುತ್ತದೆ. ಗೂಗಲ್ ಶೀಟ್ಸ್‌ನ ಸ್ಪ್ಲಿಟ್ (SPLIT) ಫಂಕ್ಷನ್ ಅಂತೂ ಹೇಳದಿದ್ದರೆ ಖಾಲಿಯನ್ನು ತಾನಾಗಿಯೇ ಬಿಸಾಕುತ್ತದೆ. ಅದರ ಕೊನೆಯ, ಅಂದರೆ ನಾಲ್ಕನೆಯ, ಆಯ್ಕೆಯನ್ನು ಫಾಲ್ಸ್ (FALSE) ಮಾಡಬೇಕು. ಮೂರನೆಯದನ್ನೂ ಫಾಲ್ಸ್ ಮಾಡಿ. ಯಾಕಂದ್ರೆ ನೀವು ಕಾಮಾ ಮತ್ತು ಸ್ಪೇಸ್ ಸೇರಿಸಿ ಕೊಟ್ಟರೆ ಅದು ಕಾಮಾದಲ್ಲೂ ಕತ್ತರಿಸುತ್ತದೆ, ಸ್ಪೇಸ್‌ನಲ್ಲೂ ಕತ್ತರಿಸುತ್ತದೆ. ಹೆಸರು ಎರಡು ತುಂಡಾಗುತ್ತದೆ.

ಒಂದೇ ಸೆಲ್‌ನಲ್ಲಿ ಮೂರು ನಾಲ್ಕು ಸಾಲು ಇದ್ದರೆ, ಟೆಕ್ಸ್ಟ್ ಟು ಕಾಲಮ್ಸ್ ಡಿಲಿಮಿಟರ್ (ಯಾವ ಚಿಹ್ನೆಯಲ್ಲಿ ಕತ್ತರಿಸಬೇಕು ಅಂತ) ಕೇಳುವ ಕಡೆ "Other" ಪೆಟ್ಟಿಗೆಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ. ಪೆಟ್ಟಿಗೆ ಖಾಲಿ ಇದ್ದಂತೆ ಕಂಡರೂ ಕೆಲಸ ಆಗುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ್ದರಲ್ಲಿ ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ (TRIM) ಫಂಕ್ಷನ್ ಹಾಕಿದರೂ ಹೋಗದ ಸ್ಪೇಸ್ ಇರುತ್ತದೆ. ಅದರ ಕೋಡ್ 160, ಮಾಮೂಲಿ ಸ್ಪೇಸ್‌ನದು 32. ಅದನ್ನೂ ಸಬ್ಸ್‌ಟಿಟ್ಯೂಟ್‌ನಿಂದಲೇ ಬದಲಿಸಬೇಕು.

2013ರ ಎಕ್ಸೆಲ್‌ನಿಂದ ಫ್ಲ್ಯಾಶ್ ಫಿಲ್ ಇದೆ. ಒಂದೆರಡು ಮಾದರಿ ಬರೆದು ಕಂಟ್ರೋಲ್ ಮತ್ತು ಇ ಒತ್ತಿದರೆ ಉಳಿದದ್ದನ್ನು ತಾನೇ ತುಂಬುತ್ತದೆ. ಇನ್ನೂರು ಸಾಲಿನ ಶೀಟಿಗೆ ನಾನೂ ಖುಷಿಯಿಂದ ಬಳಸುತ್ತೇನೆ. ಆದರೆ ಅದು ಊಹೆ. ತಪ್ಪಿದ ಕಡೆ ತಪ್ಪಿದೆ ಅಂತ ಹೇಳುವುದಿಲ್ಲ. ಕೆಳಗಿನ ತನಕ ಓದುವಷ್ಟು ಚಿಕ್ಕ ಶೀಟಿಗೆ ಮಾತ್ರ ಇಟ್ಟುಕೊಳ್ಳಿ.

ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಅಂತ ಒಡೆಯಲು ಕೇಳುವವರಿಗೆ ನಾನು ಮೊದಲು ಕೇಳುವುದು: ಯಾತಕ್ಕೆ ಬೇಕು? ಕೆಲವರಿಗೆ ಇರುವುದೇ ಒಂದು ಹೆಸರು. ಕೆಲವರ ಇನಿಶಿಯಲ್ ಮುಂದೆ ಬರುತ್ತದೆ, ಕೆಲವರ ಮನೆತನದ ಹೆಸರು ಎರಡು ಪದದ್ದು. ಬೇರೆ ಸಾಫ್ಟ್‌ವೇರ್ ಕೇಳುತ್ತಿಲ್ಲ ಅಂದರೆ ಹೆಸರನ್ನು ಇಡಿಯಾಗಿ ಬಿಡಿ.

ಮುಗಿದ ಮೇಲೆ ಎಣಿಸಿ. ಮೂಲ ಕಾಲಂನಲ್ಲಿ @ ಇರುವ ಸೆಲ್ ಎಷ್ಟು, ಈಮೇಲ್ ಕಾಲಂನಲ್ಲಿ ಎಷ್ಟು? ಹೇಳಿದ ಗುರುತು ಇರುವ ಸೆಲ್‌ಗಳನ್ನು ಎಣಿಸುವ ಕೌಂಟ್‌ಇಫ್ (COUNTIF) ಫಂಕ್ಷನ್‌ನಿಂದ ನೋಡಿ, ಎರಡೂ ಒಂದೇ ಬರಬೇಕು. ಎತ್ತಿ ಮುಗಿದ ಮೇಲೂ ನಕಲಿನಲ್ಲಿ @ ಉಳಿದಿದ್ದರೆ ಆ ಸಾಲಿನಲ್ಲಿ ಎರಡು ಈಮೇಲ್ ಇತ್ತು ಅಂತ ಅರ್ಥ. ಫೋನ್ ಕಾಲಂಗೆ ಉದ್ದ ಎಣಿಸುವ ಲೆನ್ (LEN) ಫಂಕ್ಷನ್ ಹಾಕಿ, ಉದ್ದದ ಪ್ರಕಾರ ಇಡೀ ಶೀಟನ್ನು ಸಾರ್ಟ್ ಮಾಡಿ. ತೀರಾ ಗಿಡ್ಡದ್ದು, ತೀರಾ ಉದ್ದದ್ದು ಎರಡು ತುದಿಗೆ ಬಂದು ನಿಲ್ಲುತ್ತವೆ.

ನಕಲಿನಲ್ಲಿ ಕೊನೆಗೆ ಉಳಿದದ್ದನ್ನು ಅಳಿಸಬೇಡಿ. ಅದಕ್ಕೆ "ಉಳಿದದ್ದು" ಅಂತಲೇ ಹೆಸರಿಟ್ಟು ಕಣ್ಣಲ್ಲಿ ಓದಿ. "ಸಂಜೆ 6ರ ನಂತರ ಮಾತ್ರ ಫೋನ್ ಮಾಡಿ", "ಇದು ಮಗಳ ನಂಬರ್", "ಕಿವಿ ಸರಿಯಾಗಿ ಕೇಳಿಸಲ್ಲ, ಮೆಸೇಜ್ ಕಳಿಸಿ". ಇಂಥವು ಸಿಗುವುದು ಅಲ್ಲೇ. ನಾನು ಅವಕ್ಕೆ "ಟಿಪ್ಪಣಿ" ಅಂತ ಒಂದು ಕಾಲಂ ಮಾಡಿ, ಫೋನ್ ಕಾಲಂನ ಪಕ್ಕದಲ್ಲೇ ಇಡುತ್ತೇನೆ.