ಸೆಟ್‌ಲಿಸ್ಟ್ ಜಗಳ: ಹಳೇ ಹಾಡು ಬೇಕನ್ನೋರ ತಲಿ, ಅಪರೂಪದ್ದು ಬೇಕನ್ನೋರ ತಲಿ

2023ರ ಮೇ 28ಕ್ಕ ಸ್ಲೊವೇನಿಯಾ ದೇಶದ ಲುಬ್ಲಿಯಾನಾ ಊರಾಗ ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನವ್ರು ‘ಅಲೆಕ್ಸಾಂಡರ್ ದ ಗ್ರೇಟ್’ ಅನ್ನೋ ಎಂಟೂವರಿ ನಿಮಿಷದ ಹಾಡು ಬಾರ್ಸಿದ್ರು. ಅದು 1986ರ ಆಲ್ಬಮ್‌ದಾಗಿನ ಹಾಡು, 37 ವರ್ಷದಾಗ ಒಮ್ಮಿನೂ ಸ್ಟೇಜ್ ಮ್ಯಾಲ ಬಂದಿರ್ಲಿಲ್ಲ, ಫ್ಯಾನ್ಸ್ ಕೇಳಿ ಕೇಳಿ ಆಸೆನೇ ಬಿಟ್ಟಿದ್ರು. ಆದ್ರ ಆ ಟೂರ್‌ನಾಗ 15 ಹಾಡಿನ ಪಟ್ಟಿಯೊಳಗ (ಇದಕ್ಕೇ ಸೆಟ್‌ಲಿಸ್ಟ್ ಅಂತಾರ) 5 ಹಾಡು ಆ ಒಂದೇ ಆಲ್ಬಮ್‌ದವು, ಇನ್ನ 5 ಹಾಡು 2021ರ ಹೊಸ ಆಲ್ಬಮ್‌ದವು, ಉಳಿದ ಐದೇ ಜಾಗದಾಗ ಬಾಕಿ ಎಲ್ಲಾ ವರ್ಷ ಕೂಡ್ಸಬೇಕು. ಹಿಂಗಾಗಿ ಎಲ್ಲಾರಿಗೂ ಗೊತ್ತಿರೋ 1982ರ ಹಿಟ್ ‘ರನ್ ಟು ದ ಹಿಲ್ಸ್’ ಇಲ್ಲ, ‘ದ ನಂಬರ್ ಆಫ್ ದ ಬೀಸ್ಟ್’ ಇಲ್ಲ. ಅರ್ಧ ಮಂದಿ ಕುಣ್ದಾಡಿದ್ರು, ಅರ್ಧ ಮಂದಿ ಸಿಟ್ಟಿಗೆದ್ರು. ಮುಂದ 2025ರಾಗ ಬ್ಯಾಂಡಿಗೆ 50 ವರ್ಷ ಆಯ್ತಂತ ತೆಗೆದ ಟೂರ್‌ನಾಗ ಪೂರಾ ಉಲ್ಟಾ, 1980ರಿಂದ 1992ರ ತನಕದ ಮೊದಲ 9 ಆಲ್ಬಮ್ ಬಿಟ್ಟು ಒಂದು ಹಾಡು ಬಿ ಇಲ್ಲ. ಆಗ ಜಗಳ ಬಿಡ್ತೇನು? ಇಲ್ಲ, ಜಗಳ ಮಾಡೋ ಮಂದಿ ಅಷ್ಟೇ ಬದಲಾದ್ರು.

ಈ ಜಗಳ ನಮ್ಮ ಕಲಬುರಗಿತನಕ ಬಿ ಬಂದದ. ಜಗತ್ ಸರ್ಕಲ್ ಕಡಿ ಚಹಾ ಕುಡೀಲಾಕ ಕೂಡೋ ನಮ್ಮ ಗುಂಪಿನ್ಯಾಗ ಒಬ್ಬ ಅಣ್ಣ ಹಾನ, 2007ರ ಮಾರ್ಚ್ 17ಕ್ಕ ಬೆಂಗಳೂರು ಅರಮನೆ ಮೈದಾನದಾಗ ಐರನ್ ಮೇಡನ್ ಮೊದಲ ಸಲ ಭಾರತದಾಗ ಬಾರ್ಸಿದಾಗ ಇಲ್ಲಿಂದ ರಾತ್ರಿ ಪೂರಾ ಟ್ರೇನಿನ್ಯಾಗ ನಿಂತು ಹೋಗಿ ನೋಡ್ಕೊಂಡು ಬಂದವ. ಅವನ್ದು ಒಂದೇ ಮಾತು, “ಅವೇ ಹಾಡು ಎಷ್ಟ್ ಸಲ ಕೇಳೋದೋ, ಯಾರೂ ಕೇಳದಿದ್ದದ್ದು ಬಾರ್ಸ್ಲಿ.” ಡ್ರಮ್ ಕಲೀಲಾಕತ್ತಿರೋ ಕಾಲೇಜು ಹುಡುಗ ಒಬ್ಬ ಬಿಡಂಗಿಲ್ಲ, “ಅಣ್ಣಾ, ನಿಮಗೇನ್ರಿ, ನೀವು ಕಣ್ಣಾರೆ ನೋಡಿ ಬಂದೀರಿ, ನಾ ಜೀವನದಾಗ ಒಮ್ಮಿ ಹೋದ್ರ ನನಗ ಆ ಹಾಡುಗಳೇ ಬೇಕ್ರಿ.” ಮೂರನೇದವ ಇನ್ನೊಬ್ಬ ಹಾನ, ಅವನಿಗಿ ಹೊಸ ಆಲ್ಬಮ್ ಭಾಳ ಸೇರ್ತದ, ಬ್ಯಾಂಡ್ ಇನ್ನಾ ಜೀವಂತ ಅದ ಅನ್ನೋದಕ್ಕ ಹೊಸ ಹಾಡೇ ಸಾಕ್ಷಿ ಅಂತಾನ. ಇವ್ರು ಮೂರೂ ಮಂದಿ ಒಬ್ಬರಿಗೊಬ್ಬರು “ನಿನಗ ಮ್ಯೂಸಿಕ್ ತಿಳಿಯಂಗಿಲ್ಲ” ಅಂತ ಬೈತಾರ, ಆದ್ರ ಇದರಾಗ ಯಾರಿಗಿ ಎಷ್ಟು ತಿಳೀತದ ಅನ್ನೋ ಮಾತೇ ಬರಂಗಿಲ್ಲ ಅಂತ ನನಗ ಖಾತ್ರಿ ಅದ. ಮೂವರ ತಲಿ ಕೆಲಸ ಮಾಡೋ ನಿಯಮ ಒಂದೇ, ಯಾರು ಯಾವ ಹಾಡು ಎಷ್ಟ್ ಸಲ ಕೇಳ್ಯಾರ, ಯಾವ ವಯಸ್ಸಿನ್ಯಾಗ ಕೇಳ್ಯಾರ, ಹ್ಯಾಂಗ ಕೇಳ್ಯಾರ, ಅದಷ್ಟೇ ಬ್ಯಾರೆ.

1968ರಾಗ ರಾಬರ್ಟ್ ಝಾಯನ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಸರಳ ಕೆಲಸ ಮಾಡಿದ. ಅರ್ಥಾನೇ ಇಲ್ದಿರೋ ಶಬ್ದ, ಚೀನಿ ಲಿಪಿ ಹೋಲೋ ಅಕ್ಷರ, ಗುರ್ತಿಲ್ದೋರ ಫೋಟೋ, ಇವನ್ನ ಕೆಲವು ಒಮ್ಮಿ, ಕೆಲವು ಐದು ಸಲ, ಕೆಲವು 25 ಸಲ ತೋರ್ಸಿದ, ಆಮ್ಯಾಲ ಯಾವುದು ಛಲೋ ಅನಸ್ತದ ಅಂತ ಕೇಳಿದ. ಹೆಚ್ಚು ಸಲ ನೋಡಿದ್ದೇ ಛಲೋ ಅಂದ್ರು ಮಂದಿ. ಕಾರಣ ಇಲ್ಲ, ಲಾಭ ಇಲ್ಲ, ಬರೇ ಗುರ್ತು ಆಗಿದ್ದಕ್ಕೇ ಪ್ರೀತಿ. ಮೊದಲ ಸಲ ಕೇಳಿದಾಗ ಗದ್ದಲ ಅನಿಸಿದ ಗಿಟಾರ್ ಹತ್ತನೇ ಸಲಕ್ಕ ಬಾಯಾಗ ಗುನುಗೋದು ಇದೇ ಕಾರಣಕ್ಕ. ಹೊಸ ಹಾಡಿಗಿ ಕಾನ್ಸರ್ಟ್‌ನಾಗ ಮಂದಿ ಸುಮ್ಮ ನಿಂದ್ರೋದು ಬಿ ಇದೇ ಕಾರಣಕ್ಕ, ಹಾಡು ಕೆಟ್ಟದ ಅಂತಲ್ಲ, ಇನ್ನಾ ಸಾಕಷ್ಟು ಸಲ ಕಿವಿಗಿ ಬಿದ್ದಿಲ್ಲ ಅಷ್ಟೇ.

ಆದ್ರ ಇದು ಏರ್ತಾನೇ ಹೋಗಂಗಿಲ್ಲ. ಟೊರೊಂಟೊದಾಗಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಬರ್ಲೈನ್ 1970ರ ಸುಮಾರು ಹೇಳಿದ ಪ್ರಕಾರ ಇಷ್ಟ ಅನ್ನೋದು ಗುಡ್ಡದ ಆಕಾರದಾಗ ಇರ್ತದ, ಪೂರಾ ಹೊಸಾದು ಇದ್ರ ಕಡಿಮಿ, ಜರಾ ಪರಿಚಯ ಆದ್ರ ಏರ್ತದ, ತುದಿ ಮುಟ್ಟಿ ಆಮ್ಯಾಲ ಅತಿ ಪರಿಚಯಕ್ಕ ಇಳೀತದ. ನಮ್ಮ ಅಣ್ಣ ಆ ಗುಡ್ಡ ಇಳಿಯೋ ಕಡಿ ಹಾನ, ಹುಡುಗ ಏರೋ ಕಡಿ ಹಾನ, ಇಷ್ಟೇ ಫರಕು. ಐದಾರು ವರ್ಷ ಬಿಟ್ಟು ಹುಡುಗ ಬಿ ಅಣ್ಣನ ಮಾತೇ ಆಡ್ತಾನ ನೋಡ್ರಿ.

ಇದರಾಗ ನನಗ ಭಾಳ ಹಿಡಿಸಿದ್ದು 2004ರ ಒಂದು ಅಧ್ಯಯನ, ಷ್ಪುನಾರ್, ಶೆಲ್ಲೆನ್‌ಬರ್ಗ್, ಪ್ಲೈನರ್ ಅನ್ನೋರು ಮಾಡಿದ್ದು. ಅವ್ರು ಮಂದಿಗಿ ಸಂಗೀತದ ತುಣುಕು ಬ್ಯಾರೆ ಬ್ಯಾರೆ ಎಣಿಕಿ ಸಲ ಕೇಳ್ಸಿದ್ರು, ಒಂದು ಗುಂಪಿಗಿ ಲಕ್ಷ್ಯ ಕೊಟ್ಟು ಕೇಳ್ರಿ ಅಂದ್ರು, ಇನ್ನೊಂದು ಗುಂಪಿಗಿ ಬ್ಯಾರೆ ಕೆಲಸ ಹಚ್ಚಿ ಹಿಂದ ಸಣ್ಣಗ ಸಂಗೀತ ಬಿಟ್ರು. ಲಕ್ಷ್ಯ ಕೊಟ್ಟು ಕೇಳಿದೋರಿಗಿ ಮೊದಲ ಇಷ್ಟ ಏರಿ ಆಮ್ಯಾಲ ಇಳೀತು, ಅದೇ ಗುಡ್ಡ. ಲಕ್ಷ್ಯ ಇಲ್ದೆ ಕೇಳಿದೋರಿಗಿ ಕೇಳಿದಷ್ಟೂ ಇಷ್ಟ ಏರ್ತಾನೇ ಹೋಯ್ತು, ಬೇಸರ ಬರ್ಲೇ ಇಲ್ಲ. ಈಗ ವಿಚಾರ ಮಾಡ್ರಿ, ಹೆಡ್‌ಫೋನ್ ಹಾಕ್ಕೊಂಡು ಬಾಸ್ ಎಲ್ಲಿ ಬರ್ತದ, ಎರಡನೇ ಗಿಟಾರ್ ಎಲ್ಲಿ ಸೇರ್ತದ ಅಂತ ಕಣ್ಣು ಮುಚ್ಚಿ ಕೇಳೋ ಖರೇ ಫ್ಯಾನ್ ಯಾರು ಹಾನ, ಅವನಿಗೇ ಹಿಟ್ ಹಾಡು ಜಲ್ದಿ ಸಾಕಾಗ್ತದ, ಬಸ್ಸಿನ್ಯಾಗ, ಅಂಗಡ್ಯಾಗ ಕಿವಿಗಿ ಬಿದ್ದಿದ್ದು ಕೇಳ್ಕೊಂಡು ಬಂದವನಿಗಿ ಅದೇ ಹಾಡು ಇನ್ನಾ ತಾಜಾ ಇರ್ತದ. ಅಂದ್ರ ಬ್ಯಾಂಡನ್ನ ಎಲ್ಲಾರಕಿಂತ ಹೆಚ್ಚು ಪ್ರೀತಿ ಮಾಡೋರೇ ಆ ಬ್ಯಾಂಡಿನ ಎಲ್ಲಾರಿಗೂ ಗೊತ್ತಿರೋ ಹಾಡಿಗಿ ಬೇಸರ ಮಾಡ್ಕೋತಾರ. ಸೆಟ್‌ಲಿಸ್ಟ್ ಜಗಳದ ಬೇರು ಇಲ್ಲೇ ಅದ ಅಂತ ನನ್ನ ತಿಳುವಳಿಕಿ.

ಹಂಗಾದ್ರ ಗುಡ್ಡ ಇಳಿದವ್ರು ಬಿ ಕಾನ್ಸರ್ಟ್‌ನಾಗ ಹಳೇ ಹಾಡು ಶುರು ಆದ ಕೂಡ್ಲೆ ಕೈ ಎತ್ತಿ ಚೀರ್ತಾರಲ್ಲ, ಅದು ಯಾಕ? ಮನ್ಯಾಗ ಕೇಳೋದು, ಸಾವಿರಾರು ಮಂದಿ ನಡುವ ನಿಂತು ಹಾಡೋದು, ಎರಡೂ ಒಂದೇ ಕೆಲಸ ಅಲ್ಲ. ನಮ್ಮ ಕಡಿ ಕಡಕೋಳ ಮಡಿವಾಳಪ್ಪನವರ ತತ್ವಪದ ರಾತ್ರಿ ಬೆಳತನ ಹಾಡ್ತಾರ, ಏಕತಾರಿ, ದಮ್ಮಡಿ, ತಾಳ ಹಿಡ್ಕೊಂಡು, ಮುಂದಿನವ ಒಂದು ಸಾಲು ಹೇಳಿದ್ರ ಹಿಂದಿನವ್ರು ಅದನ್ನೇ ಎತ್ತಿ ಮತ್ತ ಮತ್ತ ಹಾಡ್ತಾರ. ಹುಟ್ಟಿದಾಗಿಂದ ಕೇಳಿದ ಪದ ಅದು, “ಇದೇ ಯಾಕ, ಹೊಸಾದು ಹಾಡ್ರಿ” ಅಂತ ಯಾರೂ ಎದ್ದು ಹೋಗಂಗಿಲ್ಲ. ಖ್ವಾಜಾ ಬಂದೇನವಾಜ್ ಉರುಸಿನ ಕವ್ವಾಲಿಗಿ ಹೋಗ್ರಿ, ಫರ್ಮಾಯಿಶ್ ಬರೋದು ಗೊತ್ತಿರೋ ಕಲಾಂಗೇ, ಅದ್ರಾಗೂ ಒಂದೇ ಸಾಲು ಹತ್ತು ಸಲ ತಿರುವಿ ಹಾಡ್ಸಿ ಮಂದಿ ತೂಗ್ತಾರ.

ಒಂದೇ ಸಾಲು ಮತ್ತ ಮತ್ತ ಬರೋದಕ್ಕ ತಲಿ ಹ್ಯಾಂಗ ಸೋಲ್ತದ ಅನ್ನೋದನ್ನ ಎಲಿಜಬೆತ್ ಮಾರ್ಗುಲಿಸ್ ಅನ್ನೋ ಅಮೆರಿಕದ ಸಂಶೋಧಕಿ ಛಲೋ ತೋರ್ಸ್ಯಾರ. ಲೂಚಾನೊ ಬೇರಿಯೊ, ಎಲಿಯಟ್ ಕಾರ್ಟರ್ ಅಂತ 20ನೇ ಶತಮಾನದ ಇಬ್ಬರು ಸಂಗೀತಗಾರರು, ಅವರ ರಚನಿಯೊಳಗ ಒಂದೇ ತುಣುಕು ತಿರುಗಿ ಬರೋದು ಭಾಳ ಕಡಿಮಿ. ಈಕಿ ಆ ರೆಕಾರ್ಡಿಂಗ್ ಕಂಪ್ಯೂಟರಿನ್ಯಾಗ ಕತ್ತರಿಸಿ ಕೆಲವು ತುಣುಕು ಎರಡೆರಡು ಸಲ ಬರೋಹಂಗ ಅಂಟಿಸಿದಳು, ಮತ್ತೇನೂ ಬದಲ ಮಾಡ್ಲಿಲ್ಲ. ಕೇಳಿದ ಮಂದಿ ಅಂಟಿಸಿದ್ದನ್ನೇ ಹೆಚ್ಚು ಛಂದ ಅಂದ್ರು. ಮತ್ತ ಬಂದಾಗ ಕೇಳೋರು ಮುಂದಿನ ಸ್ವರ ತಾವೇ ಮನಸ್ಸಿನ್ಯಾಗ ಹಾಡ್ಕೋತಾರ, ಕೇಳೋರು ಹೋಗಿ ಭಾಗೀದಾರ್ ಆಗ್ತಾರ. ಇನ್ನ ಬಾಯಿ ಬಿಟ್ಟು ಎಲ್ಲಾರೂ ಕೂಡಿ ಹಾಡಿದ್ರಂತೂ ಹೇಳೋದೇ ಬ್ಯಾಡ, 2015ರಾಗ ಬ್ರಿಟನ್ನಿನ್ಯಾಗ ಹಾಡಿನ ಕ್ಲಾಸಿಗಿ ಹೋದ ಗುರ್ತಿಲ್ದ ಮಂದಿ, ಕರಕುಶಲ ಕ್ಲಾಸು, ಬರವಣಿಗಿ ಕ್ಲಾಸಿಗಿ ಹೋದವರಕಿಂತ ಜಲ್ದಿ ಒಬ್ಬರಿಗೊಬ್ಬರು ಹತ್ರ ಆದ್ರು ಅಂತ ಸಂಶೋಧನಾ ವರದಿ ಬಂದದ. ಅದಕ್ಕೇ ಹಿಟ್ ಹಾಡಿನ ಬಗ್ಗಿ “ಅದು ಮನ್ಯಾಗೇ ಕೇಳ್ಬಹುದಲ್ಲ” ಅನ್ನೋ ವಾದ ನಾ ಒಪ್ಪಂಗಿಲ್ಲ. ಹಂಗ ಕೂಡಿ ಹಾಡೋದು ಮನ್ಯಾಗ ಆಗಂಗೇ ಇಲ್ಲ.

ಮೈ ಜುಂ ಅನ್ನೋದರ ವಿಚಾರಕ್ಕ ಬರ್ರಿ. ಕೆನಡಾದ ಮಾಂಟ್ರಿಯಲ್‌ನಾಗ ವ್ಯಾಲರಿ ಸಲಿಂಪೂರ್, ರಾಬರ್ಟ್ ಝಟೋರೆ ಮತ್ತ ಅವರ ಜೊತಿಯವ್ರು 2011ರಾಗ ಪ್ರಕಟ ಮಾಡಿದ ಕೆಲಸ ಇದು. ಮಂದಿಗಿ ತಮಗ ರೋಮಾಂಚನ ಆಗೋ ಹಾಡು ತಾವೇ ತರ್ರಿ ಅಂದ್ರು, ಸ್ಕ್ಯಾನರ್‌ನಾಗ ಮಲಗಿಸಿ ಕೇಳ್ಸಿದ್ರು. ಡೋಪಮೈನ್ ಅನ್ನೋ ರಾಸಾಯನಿಕ ಎರಡು ಕಡಿ ಬಿಡುಗಡಿ ಆಯ್ತು, ಆ ಘಳಿಗಿ ಬಂದಾಗ ಮೆದುಳಿನ ಒಂದು ಭಾಗದಾಗ, ಆ ಘಳಿಗಿ ಬರೋಕಿಂತ ಕೆಲವು ಸೆಕೆಂಡ್ ಮೊದಲ ಇನ್ನೊಂದು ಭಾಗದಾಗ. ಅಂದ್ರ ಬರ್ತದ, ಬರ್ತದ ಅಂತ ಕಾಯೋದಕ್ಕೂ ತಲಿ ಇನಾಮು ಕೊಡ್ತದ. ಗೊತ್ತೇ ಇಲ್ದ ಹಾಡಿಗಿ ಇಷ್ಟು ಬರೋಬ್ಬರಿ ಕಾಯೋದು ಕಷ್ಟ. ಆದ್ರ ಎಂದೂ ಬಾರ್ಸದ ಹಾಡಿನ ಮೊದಲ ಸ್ವರ ಕೇಳಿ ಅಣ್ಣನಂಥೋರು ಕಣ್ಣೀರು ಹಾಕೋದು ಬಿ ಇದೇ ಲೆಕ್ಕದಾಗ ತಿಳೀತದ, ಹಾಡು ಪೂರಾ ಬಾಯಿಪಾಠ ಅದ, ಸ್ಟೇಜ್ ಮ್ಯಾಲ ಮಾತ್ರ ಹೊಸಾದು. ಹಳೇದು, ಹೊಸಾದು ಎರಡೂ ಒಂದೇ ಕಡಿ ಸಿಗೋದು ಅಪರೂಪದ ಹಾಡಿನ್ಯಾಗೇ.

ವಯಸ್ಸಿನ ಮಾತು ಒಂದು ಅದ. 1989ರಾಗ ಅಮೆರಿಕದ ಹೋಲ್‌ಬ್ರೂಕ್, ಶಿಂಡ್ಲರ್ ಇಬ್ಬರು ಬ್ಯಾರೆ ಬ್ಯಾರೆ ವಯಸ್ಸಿನೋರಿಗಿ ಬ್ಯಾರೆ ಬ್ಯಾರೆ ಕಾಲದ ಹಾಡು ಕೇಳ್ಸಿ ನೋಡಿದಾಗ, ತಮಗ ಸುಮಾರು 24 ವರ್ಷ ಇದ್ದಾಗ ಬಂದ ಹಾಡೇ ಎಲ್ಲಾರಿಗೂ ಹೆಚ್ಚು ಹಿಡಿಸ್ತು. ಹಂಗಾದ್ರ ನಮ್ಮ ಡ್ರಮ್ ಹುಡುಗ ತಾ ಹುಟ್ಟೋಕಿಂತ 20 ವರ್ಷ ಹಿಂದಿನ ಹಾಡಿಗಿ ಯಾಕ್ ಜೀವ ಬಿಡ್ತಾನ? ಕ್ಯಾರಲ್ ಕ್ರಮ್‌ಹಾನ್ಸ್‌ಲ್ ಮತ್ತ ಅವರ ಜೊತಿಗಾರ 2013ರಾಗ ತೋರ್ಸಿದ್ರು, ಯುವಕರಿಗಿ ತಮ್ಮ ಕಾಲದ ಹಾಡಿನ ಜೊತಿ ತಮ್ಮ ತಾಯಿತಂದಿ ಹರೇದಾಗಿದ್ದ ಕಾಲದ ಹಾಡಿನ ಮ್ಯಾಲ ಬಿ ಪ್ರೀತಿ ಹೆಚ್ಚಿರ್ತದ. ಹುಡುಗನ ಮನ್ಯಾಗ ಅವನ ಕಾಕಾನ ಕ್ಯಾಸೆಟ್ ಡಬ್ಬಿ ಇತ್ತು, ಅಲ್ಲಿಂದೇ ಶುರು ಆಗಿದ್ದು.

ಇಷ್ಟೆಲ್ಲಾ ತಿಳಿದ್ರೂ ಎಲ್ಲಾರಿಗೂ ಒಪ್ಪೋ ಪಟ್ಟಿ ಮಾಡ್ಲಾಕ ಆಗಂಗಿಲ್ಲ, ಯಾಕಂದ್ರ ಗಣಿತಾನೇ ಅಡ್ಡ ಬರ್ತದ. ನಮ್ಮ ಮೂವರನ್ನೇ ತಗೋರಿ, ಒಂದೇ ಜಾಗ ಉಳದದ ಅಂತ ಇಟ್ಕೋರಿ. ಹುಡುಗನ ಕ್ರಮ: ಹಿಟ್, ಅಪರೂಪ, ಹೊಸಾದು. ಅಣ್ಣಂದು: ಅಪರೂಪ, ಹೊಸಾದು, ಹಿಟ್. ಮೂರನೇದವಂದು: ಹೊಸಾದು, ಹಿಟ್, ಅಪರೂಪ. ಈಗ ಎರಡೆರಡೇ ಇಟ್ಟು ವೋಟ್ ಹಾಕ್ಸ್ರಿ. ಹಿಟ್ ಮತ್ತ ಅಪರೂಪದ ನಡುವ ಹಿಟ್ ಗೆಲ್ತದ, ಎರಡು ವೋಟು. ಅಪರೂಪ ಮತ್ತ ಹೊಸದರ ನಡುವ ಅಪರೂಪ ಗೆಲ್ತದ. ಹಂಗಾದ್ರ ಹಿಟ್ ಹೊಸದನ್ನ ಸೋಲಿಸಬೇಕಲ್ಲ? ಇಲ್ಲ, ಹೊಸದೇ ಎರಡು ವೋಟಿನಿಂದ ಗೆಲ್ತದ. ಸುತ್ತು ಹಾಕಿ ಅಲ್ಲೇ ಬಂದು ನಿಂತೀವಿ, ಯಾವ ಹಾಡು ಇಟ್ರೂ ಇಬ್ಬರಿಗಿ ಅದಕಿಂತ ಬ್ಯಾರೆ ಹಾಡು ಛಲೋ ಅನಸ್ತದ. ಇದನ್ನ ಫ್ರಾನ್ಸಿನ ಗಣಿತಜ್ಞ ಕಾಂಡೊರ್ಸೆ 1785ರಾಗೇ ಬರದಿದ್ದ, 1951ರಾಗ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇನ್ನಾ ಮುಂದ ಹೋಗಿ, ಮೂರು ಅಥವಾ ಹೆಚ್ಚು ಆಯ್ಕಿ ಇದ್ದಲ್ಲಿ ಎಲ್ಲಾ ನ್ಯಾಯದ ಶರ್ತು ಪೂರೈಸೋ ವೋಟಿಂಗ್ ಪದ್ಧತಿ ಇರ್ಲಾಕೇ ಸಾಧ್ಯ ಇಲ್ಲ ಅಂತ ಸಾಧಿಸಿದ. ಅದ್ರಾಗ ಪಟ್ಟಿ ಎಷ್ಟು ಥರ ಆಗ್ಬಹುದು ಗೊತ್ತೇನು? ಬರೇ 40 ಹಾಡಿನ್ಯಾಗ 15 ಆರಿಸೋದಂದ್ರೂ 4,022 ಕೋಟಿಗಿಂತ ಹೆಚ್ಚು ರೀತಿ ಆಗ್ತದ, ಕ್ರಮ ಬಿಟ್ಟು.

ಇದರ ಮ್ಯಾಲ ದೇಹ ಅದ. ಹಾಡು ಆರಿಸೋರಿಗಿ ಈಗ ಅರವತ್ತು ಎಪ್ಪತ್ತು ವರ್ಷ. ಐರನ್ ಮೇಡನ್ ಡ್ರಮ್ಮರ್ ನಿಕೊ ಮೆಕ್‌ಬ್ರೇನ್‌ಗ 2023ರ ಜನವರಿದಾಗ ಪಾರ್ಶ್ವವಾಯು ಹೊಡದು ಬಲಗಡಿ ಸ್ವಾಧೀನ ತಪ್ಪಿತ್ತು, ನಾಕು ತಿಂಗಳಿಗಿ ಟೂರ್ ಶುರು, ಆ ಮನುಷ್ಯ ಆಗ 70 ದಾಟಿದ್ದ. ಬಂದು ಕೂತು ಬಾರ್ಸಿದ, ಜೋರಾಗಿ ಓಡೋ ಕೆಲವು ಕಡಿ ಬಾರ್ಸೋ ರೀತಿ ಬದಲ ಮಾಡ್ಕೊಂಡು, 2024ರ ಡಿಸೆಂಬರ್‌ನಾಗ ಟೂರ್ ಬಿಟ್ಟ. ಗಂಟಲಿಂದು ಬಿ ಹಂಗೇ, ವಯಸ್ಸಾದಂಗ ಧ್ವನಿತಂತುವಿನ ಸ್ನಾಯು ತೆಳ್ಳಗ ಆಗ್ತದ, ಎತ್ತರದ ಸ್ವರ ಹಿಡಿಯೋದು ಕಷ್ಟ, ಅದಕ್ಕ ಎಷ್ಟೋ ಬ್ಯಾಂಡು ಗಿಟಾರ್ ಅರ್ಧ ಸ್ವರ ಇಳಿಸಿ ಬಾರಸ್ತಾರ, ಅಂದ್ರ ಸೆಕೆಂಡಿಗಿ 440 ಕಂಪನ (ಹರ್ಟ್ಸ್) ಇದ್ದ ಸ್ವರ ಸುಮಾರು 415 ಆಗ್ತದ. “ಆ ಹಾಡು ಯಾಕಿಲ್ಲ” ಅಂತ ಬೈಯೋಮುಂದ ಇದು ನೆನಪಿರ್ಬೇಕು ನಮಗ.

ಹಾಡಿನ ಕ್ರಮ ನನ್ನ ದೃಷ್ಟಿಗಿ ಹಾಡಿನ ಆಯ್ಕಿಯಷ್ಟೇ ದೊಡ್ಡದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತ ಜೊತಿಯವ್ರು 1993ರಾಗ ಮಂದಿ ಕೈ 14 ಡಿಗ್ರಿ ತಣ್ಣೀರಿನ್ಯಾಗ 60 ಸೆಕೆಂಡ್ ಇಡ್ಸಿದ್ರು, ಇನ್ನೊಮ್ಮಿ ಅದೇ 60 ಸೆಕೆಂಡಿನ ಮ್ಯಾಲ ಇನ್ನಾ 30 ಸೆಕೆಂಡ್ ಇಡ್ಸಿ ನೀರು ಮೆಲ್ಲಕ 15 ಡಿಗ್ರಿಗಿ ಏರ್ಸಿದ್ರು. ಮತ್ತೊಮ್ಮಿ ಯಾವುದು ಮಾಡ್ತೀರಿ ಅಂದ್ರ ಹೆಚ್ಚಿನವ್ರು ಉದ್ದಂದೇ ಆರಿಸಿದ್ರು, ಕಡೀಕ ಜರಾ ಆರಾಮ ಆಗಿತ್ತಲ್ಲ, ಅಷ್ಟಕ್ಕೇ. ನೆನಪಿನ್ಯಾಗ ಎಲ್ಲಾಕಿಂತ ಜೋರು ಅನಿಸಿದ ಘಳಿಗಿ, ಕಡೀ ಘಳಿಗಿ ಉಳೀತಾವ. 2023ರಾಗ ಆ ಅಪರೂಪದ ಹಾಡು 10ನೇ ಜಾಗದಾಗ ಇಟ್ಟು, ಬೆನ್ನಿಗೇ 11ನೇದಾಗಿ ಎಲ್ಲಾರೂ ಕೂಡಿ ಹಾಡೋ ‘ಫಿಯರ್ ಆಫ್ ದ ಡಾರ್ಕ್’ ಇಟ್ಟಿದ್ದು ಭಾಳ ಛಲೋ ಲೆಕ್ಕ ಅಂತ ನಾ ಅಂತೀನಿ. ಅಣ್ಣನಂಥೋರು ತಮ್ಮ ತುದಿ ಮುಟ್ಟಿದ ಕೂಡ್ಲೆ ಹುಡುಗನಂಥೋರ ಸರದಿ.

ಹೊಸ ಹಾಡು ಕಡೀಕ ಇಡಬಾರ್ದು, ನಡುವ ಇರ್ಲಿ, ಆದ್ರ ಇರ್ಲೇಬೇಕು, ಇಲ್ಲಾಂದ್ರ ಅದಕ್ಕ ಗುರ್ತು ಆಗೋದು ಯಾವಾಗ. ಒಂದೇ ಊರಾಗ ಸಾಲಾಗಿ ಬಾರಿಸೋರು ಪಟ್ಟಿ ಬದಲ ಮಾಡ್ಲೇಬೇಕು, ಅಮೆರಿಕದ ಫಿಶ್ ಬ್ಯಾಂಡ್ 2017ರಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಾಗ 13 ರಾತ್ರಿ ಬಾರ್ಸಿ ಒಂದು ಹಾಡು ಬಿ ಎರಡನೇ ಸಲ ಬಾರ್ಸಲಿಲ್ಲ, ಅಲ್ಲಿ ಮಂದಿ ಮತ್ತ ಮತ್ತ ಬರೋರೇ ಇದ್ರು. ನಮ್ಮಂಥೋರ ಲೆಕ್ಕ ಬ್ಯಾರೆ. ಕಲಬುರಗಿ, ಯಾದಗಿರಿ, ಬೀದರದಿಂದ ರಾತ್ರಿ ಟ್ರೇನ್ ಹತ್ತಿ ಬೆಂಗಳೂರಿಗಿ ಹೋಗೋ ಹುಡುಗ್ರು ಗುಡ್ಡ ಏರೋ ಕಡಿನೇ ಇರ್ತಾರ, ಅವ್ರಿಗಿ ಆ ಬ್ಯಾಂಡ್ ಎದುರಿಗಿ ಕಾಣೋದು ಬಹುಶಃ ಅದೊಂದೇ ಸಲ. ಹಂಗಾಗಿ ಹತ್ತಾರು ಸಲ ಬಾರ್ಸಿದ ಲಂಡನ್‌ನಾಗ, ಜರ್ಮನಿದಾಗ ಅಪರೂಪದ್ದು ಎಷ್ಟರ ಬಾರ್ಸ್ಲಿ, ಭಾರತಕ್ಕ ಬಂದ ದಿನ ಪಟ್ಟಿದಾಗ ಅರ್ಧಕಿಂತ ಹೆಚ್ಚು ಹಳೇ ಹಾಡೇ ಇರ್ಬೇಕು. ಅಣ್ಣನ ಮುಂದ ಈ ಮಾತು ಹೇಳೀನಿ, ಅವ ಇನ್ನಾ ಒಪ್ಪಿಲ್ಲ.